ಚಾಕು ಕೊಳ್ಳುವ ಮುಂಚೆ ಸಾಣೆಯವರನ್ನು ಕೇಳಿ

ಅಡ್ಮಿನ್: ಹುಬ್ಬಳ್ಳಿಯಲ್ಲಿ ಸಾಣೆ ಅಂಗಡಿ ಇಟ್ಟಿರುವ ಅಣ್ಣಾರು ಇವತ್ತು ನಮ್ಮ ಅಡುಗೆ ಗುಂಪಿನಲ್ಲಿದ್ದಾರೆ. ಚಾಕು ಬಗ್ಗೆ ಏನು ಬೇಕಾದರೂ ಕೇಳಿ.

ವಿದ್ಯಾನಗರ: ನಮಸ್ಕಾರ ಅಣ್ಣಾರ. ದಿನಾ ಕಾಯಿಪಲ್ಲೆ ಹೆಚ್ಚಲು 500 ರೂಪಾಯಿ ಒಳಗೆ ಒಳ್ಳೆ ಚಾಕು ಸಿಗುತ್ತಾ?

ಸಾಣೆಯವರು: ಸಿಗುತ್ತದೆ ರೀ. 6ರಿಂದ 8 ಇಂಚಿನ ಅಲಗು ಸಾಕು. ಅಂಗಡಿಯಲ್ಲೇ ಹಿಡಿದು ನೋಡಿ, ಬೆರಳಿನ ಗೆಣ್ಣು ಹಲಗೆಗೆ ಬಡಿಯಬಾರದು. ಅಲಗು ಹಿಡಿಕೆಯ ಕೊನೆತನಕ ಹೋಗಿ ರಿವಿಟ್ ಬಿದ್ದಿದ್ದರೆ ಗಟ್ಟಿ. ಅಲಗಿನ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಬೆಳಕಿಗೆ ಹಿಡಿಯಿರಿ. ಬಿಳಿ ಗೆರೆ ಮಿಂಚಿದ ಕಡೆ ಅದು ಮೊಂಡು.

ನವನಗರ: ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್ ಸ್ಟೀಲ್ ಅಂತ ಮೆಸೇಜ್ ಬಂದಿದೆ. ಖರೇನಾ?

ಸಾಣೆಯವರು: ಅಲ್ಲ. ಅದು ಪಾತ್ರೆ ಮಾತು. ಪಾತ್ರೆಯ 304 ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕ್ಕಲ್. ಸುಲಭಕ್ಕೆ ತುಕ್ಕು ಹಿಡಿಯಲ್ಲ, ಆದರೆ ಕಾಯಿಸಿ ಅದ್ದಿದರೂ ಗಡಸಾಗಲ್ಲ. ಚಾಕುವಿಗೆ ಗಡಸು ಬೇಕಲ್ವಾ? ಅದಕ್ಕೆ ಬಳಸುವ 420 ತರಹದ ಸ್ಟೀಲ್‌ಗೆ ಮ್ಯಾಗ್ನೆಟ್ ಅಂಟಲೇಬೇಕು.

ಗದಗ: ನಿನ್ನೆ ಕುಂಬಳಕಾಯಿ ಕೊಯ್ಯುವಾಗ ಚಾಕು ಜಾರಿ ಅತ್ತೆಯ ಹೆಬ್ಬೆರಳಿಗೆ ಹೊಲಿಗೆ ಬಿದ್ದಿದೆ. ಹಿಡಿಕೆ ಅಲುಗಾಡುತ್ತೆ, ಟೇಪ್ ಸುತ್ತಿದ್ದೇವೆ. ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದರೆ ಹರಿತ ಆಗುತ್ತೆ ಅಂತ ಈ ಗುಂಪಿಗೆ ಬಂದ ವಿಡಿಯೋ ನೋಡಿ ಅತ್ತೆ ಹಟ ಹಿಡಿದಿದ್ದಾರೆ. ಮಾಡಬಹುದಾ?

ಸಾಣೆಯವರು: ಬೇಡ ಅಕ್ಕಾರ! ಮೊದಲು ಆ ಚಾಕು ಅವರ ಕೈಗೆ ಸಿಗದ ಹಾಗೆ ಎತ್ತಿಡಿ. ಬೆಂಕಿಯಿಂದ ಹರಿತ ಬರಲ್ಲ. ಕಲ್ಲಿಗೆ ಉಜ್ಜಿ ಬಾಯಿ ತೆಳ್ಳಗಾದರೇ ಹರಿತ. ಕಾರ್ಖಾನೆಯಲ್ಲಿ ಕೊಟ್ಟ ಹದ ಉರಿಗೆ ಕೆಡುತ್ತದೆ. ಒಂದು ಕಡೆ ಮೆತ್ತಗಾಗುತ್ತದೆ, ಇನ್ನೊಂದು ಕಡೆ ಬಿರುಸಾಗಿ ಚೂರು ಹಾರುತ್ತದೆ. ಆ ಚೂರು ಪಲ್ಯಕ್ಕೆ ಬಿದ್ದರೆ? ಟೇಪ್ ಇನ್ನೂ ಕೆಟ್ಟದ್ದು. ಒಳಗೆ ನೀರು ನಿಂತು, ಹಿಡಿಕೆಯೊಳಗಿನ ಅಲಗಿನ ಬಾಲವನ್ನು ತುಕ್ಕು ತಿನ್ನುತ್ತದೆ. ಹೊರಗೆ ಏನೂ ಕಾಣಲ್ಲ, ಭಾರ ಹಾಕಿದಾಗ ಪಟ್ಟನೆ ಮುರಿಯುತ್ತದೆ. ಅಂಥ ಚಾಕು ತಂದರೆ ನಾನು ಸಾಣೆ ಹಿಡಿಯಲ್ಲ. ಮೊಂಡಾದಷ್ಟೂ ಜಾಸ್ತಿ ಒತ್ತುತ್ತೇವೆ, ಅದಕ್ಕೇ ಜಾರುತ್ತದೆ. ಹೊಸದು ತಂದ ಮೇಲೂ ಕುಂಬಳಕಾಯಿಯ ತಳ ಸ್ವಲ್ಪ ಕೊಯ್ದು ಸಪಾಟಾಗಿ ಕೂರಿಸಿ. ಹಲಗೆ ಕೆಳಗೆ ಒದ್ದೆ ಬಟ್ಟೆ ಇರಲಿ. ಧನುರ್ವಾತದ ಇಂಜೆಕ್ಷನ್ ಆಗಿದೆಯಾ ಅಂತ ಡಾಕ್ಟರನ್ನು ಇವತ್ತೇ ಕೇಳಿ.

ಹಾವೇರಿ: ಈಳಿಗೆ ಇರುವಾಗ ಚಾಕು ಯಾಕೆ? ನಮ್ಮವ್ವ ಎಪ್ಪತ್ತರಲ್ಲೂ ಈಳಿಗೆ ಮೇಲೇ ಹೆಚ್ಚುತ್ತಾಳೆ.

ಧಾರವಾಡ: ಕೆಳಗೆ ಕೂರಲಾಗದವರು ಏನು ಮಾಡಬೇಕು?

ಹಾವೇರಿ: ಕೂರುವುದು ಬಿಟ್ಟಿದ್ದಕ್ಕೇ ಮೊಣಕಾಲು ಹಿಡಿಯುವುದು.

ಧಾರವಾಡ: ನನಗೆ ಮೊಣಕಾಲು ಆಪರೇಷನ್ ಆಗಿದೆ ರೀ. ನಿಮ್ಮ ಉಪದೇಶ ಸಾಕು.

ರಾಣೆಬೆನ್ನೂರು: ಸೆರಾಮಿಕ್ ಚಾಕು ಹೇಗೆ ಸರ್?

ಹಾವೇರಿ: ಉಪದೇಶ ಅಲ್ಲ, ಇದ್ದದ್ದು ಹೇಳಿದೆ.

ಅಡ್ಮಿನ್: ಇಬ್ಬರೂ ಬಿಡಿ. ಚಾಕು ಬಗ್ಗೆ ಮಾತ್ರ.

ಕೇಶ್ವಾಪುರ: 500 ಒಳಗೆ ಒಳ್ಳೆ ಚಾಕು ಯಾವುದು?

ಸಾಣೆಯವರು: ಮೇಲೆ ಬರೆದಿದ್ದೇನೆ.

ನವನಗರ: ಪಿಂಗಾಣಿ ಕಪ್ಪಿನ ತಳಕ್ಕೆ ಉಜ್ಜಿದರೆ ನಡೆಯುತ್ತಾ? ಇದೂ ಫಾರ್ವರ್ಡ್.

ಸಾಣೆಯವರು: ಕಪ್ಪಿನ ತಳದಲ್ಲಿರುವ ಹೊಳಪಿಲ್ಲದ ಉಂಗುರದಂಥ ಅಂಚಿಗೆ ಉಜ್ಜಿದರೆ ಆ ಹೊತ್ತಿಗೆ ನಡೆಯುತ್ತದೆ. 1000 ನಂಬರಿನ ಸಾಣೆಕಲ್ಲು ಒಂದು ಇಟ್ಟುಕೊಳ್ಳಿ. ಅದರ ಮೇಲೆ ಚಾಕುವನ್ನು 20 ಡಿಗ್ರಿಯಷ್ಟು ಓರೆ ಹಿಡಿದು ಉಜ್ಜಿ, ಎರಡೂ ಕಡೆ ಸಮ. ಗಾಜಿನ ಹಲಗೆ ಮೇಲೆ ಹೆಚ್ಚಬೇಡಿ.

ಕೇಶ್ವಾಪುರ: ಕಂಪನಿ ಹೆಸರು ಹೇಳಿ ಅಂದರೆ ಮೇಲೆ ಓದಿ ಅಂತೀರಿ.

ಸಾಣೆಯವರು: ಹೆಸರು ನೋಡಿ ಕೊಳ್ಳಬೇಡಿ, ಹಿಡಿಕೆ ನೋಡಿ ಕೊಳ್ಳಿ.

ಲಕ್ಷ್ಮೇಶ್ವರ: ಗ್ಯಾಸ್ ಮೇಲೆ ಸ್ವಲ್ಪ ಮಾತ್ರ ಕಾಯಿಸಿದರೆ?

ಸಾಣೆಯವರು: ಬೇಡ ಅಂದರೆ ಬೇಡ. ಅಡ್ಮಿನ್, ಆ ವಿಡಿಯೋ ಮೊದಲು ಡಿಲೀಟ್ ಮಾಡಿ.