ಮೆಡ್ಜುಗೋರಿಯೆ ಯಾತ್ರೆ: ವೀಸಾ, ಕಲ್ಲುಬೆಟ್ಟ, ಯುದ್ಧದ ಗುರುತು — ತಿಳಿದವರು ಹೇಳಿ

ಜಪಸರ59:

ಸೆಪ್ಟೆಂಬರ್ ಕೊನೆಯ ವಾರ 14 ಜನ ಬೋಸ್ನಿಯಾದ ಕ್ಯಾಥೊಲಿಕ್ ಯಾತ್ರಾಸ್ಥಳ ಮೆಡ್ಜುಗೋರಿಯೆಗೆ ಹೊರಡುವ ಯೋಜನೆ ಇದೆ. ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ವಿಮಾನ ಇಳಿದು ಬಸ್ಸಿನಲ್ಲಿ ಹೋಗಿ, 5 ರಾತ್ರಿ ಉಳಿದು, ವಾಪಸ್ ಸ್ಪ್ಲಿಟ್‌ನಿಂದಲೇ ಹೊರಡುವುದು. ತಂಡದಲ್ಲಿ ಆರು ಮಂದಿ 65 ದಾಟಿದವರು, ಒಬ್ಬರು ಗಾಲಿಕುರ್ಚಿಯಲ್ಲಿರುವವರು. ಜೊತೆಗೆ ಒಬ್ಬರು ಫಾದರ್ ಇರುತ್ತಾರೆ.

ಭಾರತದ ಪಾಸ್‌ಪೋರ್ಟಿಗೆ ಕ್ರೊಯೇಷಿಯಾದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ) ಒಂದೇ ಸಾಕಾ? ಪೊಡ್‌ಬರ್ಡೊ, ಕ್ರಿಜೆವಾತ್ಸ್ ಎಂಬ ಅಲ್ಲಿನ ಎರಡು ಬೆಟ್ಟಗಳನ್ನೂ ಒಂದೇ ದಿನದಲ್ಲಿ ಮುಗಿಸಬಹುದಾ? ನೆಲಬಾಂಬುಗಳ ಬಗ್ಗೆ ಕೆಲವರಿಗೆ ಹೆದರಿಕೆ ಇದೆ, ಅದು ನಿಜವಾ? ಇನ್ನೊಂದು, ಕರಪತ್ರದಲ್ಲಿ ಹೀಗೆ ಬರೆದಿದ್ದೇವೆ: "ಯುದ್ಧದಿಂದ ನೊಂದ ಜನರಿಗೆ ಶಾಂತಿ ಸಾರಲು ಮಾತೆ ಮರಿಯಮ್ಮನವರು ದರ್ಶನ ಕೊಟ್ಟ, ವ್ಯಾಟಿಕನ್ ಅಂಗೀಕರಿಸಿದ ಪುಣ್ಯಕ್ಷೇತ್ರ." ಅಚ್ಚಿಗೆ ಕೊಡುವ ಮುಂಚೆ ಯಾರಾದರೂ ಒಮ್ಮೆ ನೋಡಿ.

ಗಡಿರೇಖೆ:

ವೀಸಾ ವಿಷಯ ಮೊದಲು. ಗುಂಪುಗಳು ಸಿಕ್ಕಿಬೀಳುವುದು ಇಲ್ಲೇ.

ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ, ಬೋಸ್ನಿಯಾ ಹೊರಗಿದೆ. ಸ್ಪ್ಲಿಟ್‌ನಲ್ಲಿ ಇಳಿದಾಗ ನಿಮ್ಮದು ಒಂದು ಪ್ರವೇಶ. ಬಸ್ಸು ಬೋಸ್ನಿಯಾ ಗಡಿ ದಾಟಿದ ಕ್ಷಣ ನೀವು ಷೆಂಗೆನ್‌ನಿಂದ ಹೊರಬಿದ್ದಿರಿ. ಐದು ದಿನ ಬಿಟ್ಟು ಮರಳುವಾಗ ಅದು ಎರಡನೇ ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಇದ್ದರೆ ವಿಮಾನದ ಟಿಕೆಟ್ ಕೈಯಲ್ಲಿದ್ದರೂ ಗಡಿಯಲ್ಲೇ ನಿಲ್ಲಬೇಕಾಗುತ್ತದೆ. ಅಲ್ಲಿ ಬೇಡಿಕೊಂಡರೆ ಬಿಡುವ ವಿಷಯವಲ್ಲ.

ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾ ಇದ್ದವರಿಗೆ ಕಡಿಮೆ ದಿನಗಳ ಭೇಟಿಗೆ ಬೋಸ್ನಿಯಾ ಬೇರೆ ವೀಸಾ ಕೇಳುವುದಿಲ್ಲ. ಅಂದರೆ ಒಂದೇ ವೀಸಾ ಸಾಕು, ಆದರೆ ಅದು ಮಲ್ಟಿಪಲ್ ಆಗಿರಬೇಕು. ಅರ್ಜಿಯಲ್ಲಿ ಆ ಆಯ್ಕೆಗೆ ಗುರುತು ಹಾಕಿದರೆ ಮಾತ್ರ ಸಾಲದು. ಸ್ಪ್ಲಿಟ್, ಮೆಡ್ಜುಗೋರಿಯೆ, ಮತ್ತೆ ಸ್ಪ್ಲಿಟ್ ಎಂದು ದಿನಾಂಕ ಸಮೇತ ಪ್ರಯಾಣಪಟ್ಟಿ ಲಗತ್ತಿಸಿ, ಎರಡೂ ಕಡೆಯ ವಸತಿ ಬುಕಿಂಗ್ ಇಡಿ. ಯಾಕೆ ಎರಡು ಸಲ ಒಳಗೆ ಬರಬೇಕು ಅನ್ನುವುದು ಅರ್ಜಿ ನೋಡುವವರಿಗೆ ಕಾಗದದಲ್ಲೇ ಕಾಣಬೇಕು. ವೀಸಾ ಕೈಗೆ ಬಂದ ತಕ್ಷಣ ಹದಿನಾಲ್ಕು ಪಾಸ್‌ಪೋರ್ಟನ್ನೂ ಬಿಚ್ಚಿ ಎಂಟ್ರಿ ಜಾಗ ನೋಡಿ. "01" ಇದ್ದರೆ ಒಂದೇ ಪ್ರವೇಶ, "MULT" ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ ಸರಿ. ಒಂದೇ ಗುಂಪಿನ ಅರ್ಜಿಗಳಿಗೆ ಬೇರೆ ಬೇರೆ ಥರ ಬರುವುದುಂಟು. ನಿಯಮ ಬದಲಾಗಿದೆಯೇ ಎಂದು ಹೊರಡುವ ತಿಂಗಳಲ್ಲಿ ಬೋಸ್ನಿಯಾ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿ.

ಇದರ ಬಾಲದಲ್ಲೇ ಬರುವ ಮೂರು ಸಣ್ಣ ವಿಷಯ. ಷೆಂಗೆನ್‌ಗೆಂದು ಮಾಡಿಸಿದ ಪ್ರಯಾಣ ವಿಮೆ ಬೋಸ್ನಿಯಾದಲ್ಲಿ ಚಲಾವಣೆ ಆಗದೇ ಇರಬಹುದು. ಬೆಟ್ಟದಲ್ಲಿ ಕಾಲು ಉಳುಕುವ ಊರಿಗೇ ವಿಮೆ ಇಲ್ಲದಿದ್ದರೆ ಏನು ಬಂತು? ದೇಶಗಳ ಪಟ್ಟಿಯಲ್ಲಿ ಬೋಸ್ನಿಯಾ ಸೇರಿಸಿಯೇ ಮಾಡಿಸಿ. ಹಾಗೆಯೇ ಐರೋಪ್ಯ ಒಕ್ಕೂಟದ ಸಿಮ್ ಗಡಿ ದಾಟಿದರೆ ದುಬಾರಿ ರೋಮಿಂಗ್‌ಗೆ ಬೀಳುತ್ತದೆ, ಯೋಜನೆಯಲ್ಲಿ ಬೋಸ್ನಿಯಾ ಇದೆಯಾ ನೋಡಿಕೊಳ್ಳಿ. ಕೊನೆಯದು, ವಿದೇಶಿಯರ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸುವ ಕೆಲಸ ವಸತಿಗೃಹದವರದ್ದು. ಪಾಸ್‌ಪೋರ್ಟ್ ಕೇಳಿದರೆ ಅದಕ್ಕೇ, ಗಾಬರಿ ಬೇಡ.

ಹಣ: ಅಲ್ಲಿನ ನಾಣ್ಯ ಕನ್ವರ್ಟಿಬಲ್ ಮಾರ್ಕ್. ಒಂದು ಯೂರೋಗೆ 1.95583 ಮಾರ್ಕ್ ಎಂದು ದರ ಕಟ್ಟಿಹಾಕಿದ್ದಾರೆ, ಏರಿಳಿತವಿಲ್ಲ. ಅಂಗಡಿಯವರು ಸಲೀಸಾಗಿ ಎರಡು ಮಾರ್ಕ್ ಅಂತ ಲೆಕ್ಕ ಹಾಕುತ್ತಾರೆ. ಮೆಡ್ಜುಗೋರಿಯೆಯಲ್ಲಿ ಯೂರೋ ಎಲ್ಲೆಡೆ ನಡೆಯುತ್ತದೆ. ಮಾರ್ಕ್ ಉಳಿಸಿಕೊಂಡು ಬರಬೇಡಿ, ಆ ದೇಶದ ಹೊರಗೆ ಅದನ್ನು ತೆಗೆದುಕೊಳ್ಳುವವರು ಸಿಗುವುದು ಕಷ್ಟ.

ಕಲ್ಲುದಾರಿ:

ಎರಡೂ ಬೆಟ್ಟ ಒಂದೇ ದಿನ ಬೇಡವೇ ಬೇಡ. 65 ದಾಟಿದವರಿಗಂತೂ ಖಂಡಿತ ಬೇಡ.

ಪೊಡ್‌ಬರ್ಡೊ ಅಂದರೆ ದರ್ಶನದ ಬೆಟ್ಟ, ಬಿಯಾಕೊವಿಚಿ ಎಂಬ ಕೇರಿಯ ಮೇಲಿದೆ. ಮಾತೆಯ ಬಿಳಿ ಪ್ರತಿಮೆ ಇರುವ ಜಾಗಕ್ಕೆ ನಿಧಾನವಾಗಿ ಹತ್ತಿದರೆ ಮುಕ್ಕಾಲು ಗಂಟೆ. ದಾರಿಯಲ್ಲಿ ಜಪಸರದ ರಹಸ್ಯಗಳ (ಯೇಸು, ಮರಿಯಮ್ಮನವರ ಬದುಕಿನ ಘಟನೆಗಳ) ಕಂಚಿನ ಫಲಕಗಳಿವೆ, ಪ್ರತಿ ಫಲಕದ ಹತ್ತಿರ ಒಂದು ಹತ್ತುಮಣಿ (ಜಪಸರದ ಹತ್ತು ಮಣಿಯ ಪ್ರಾರ್ಥನೆ) ಹೇಳಿ ಮುಂದೆ ಹೋಗುವುದು ರೂಢಿ. ಕ್ರಿಜೆವಾತ್ಸ್ ಇನ್ನೊಂದು, ಶಿಲುಬೆಯ ಬೆಟ್ಟ. ಎತ್ತರ ಸಮುದ್ರಮಟ್ಟದಿಂದ ಸುಮಾರು 520 ಮೀಟರ್, ತುದಿಯಲ್ಲಿ 8.56 ಮೀಟರ್‌ನ ಕಾಂಕ್ರೀಟ್ ಶಿಲುಬೆ. ಕ್ರಿಸ್ತರ ಮರಣದ 1900ನೇ ವರ್ಷದ ನೆನಪಿಗೆ ಊರಿನವರೇ ಸಾಮಗ್ರಿ ಹೊತ್ತು 1934ರಲ್ಲಿ ಕಟ್ಟಿ ಮುಗಿಸಿದ್ದು, ದರ್ಶನದ ಸುದ್ದಿಗೂ ಎಷ್ಟೋ ವರ್ಷ ಮೊದಲು. ಯೇಸುವಿನ ಯಾತನೆಯನ್ನು ಧ್ಯಾನಿಸುವ ಶಿಲುಬೆಯ ಹಾದಿಯ 14 ಸ್ಥಳಗಳಲ್ಲಿ ನಿಂತು ಹೋದರೆ ಹತ್ತಲು ಒಂದೂವರೆಯಿಂದ ಎರಡು ಗಂಟೆ, ಇಳಿಯಲು ಒಂದು ಗಂಟೆ ಇಟ್ಟುಕೊಳ್ಳಿ.

ಎರಡರಲ್ಲೂ ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿ ಇಲ್ಲ, ರಾತ್ರಿ ದೀಪವೂ ಇಲ್ಲ. ದಾರಿ ಅನ್ನುವುದು ಚೂಪು ಸುಣ್ಣಕಲ್ಲುಗಳ ಹಾಸು. ನಾಲ್ಕು ದಶಕ ಜನ ಓಡಾಡಿ ಕಲ್ಲುಗಳ ನೆತ್ತಿ ಸವೆದು ನುಣುಪಾಗಿದೆ, ನಡುವಿನ ಸಂದುಗಳು ಹಾಗೇ ಉಳಿದಿವೆ. ಒಣಗಿದ್ದಾಗ ಸರಿ. ಒಂದು ಸಣ್ಣ ಮಳೆ ಬಿದ್ದರೆ ನೆತ್ತಿ ಸೋಪು ಹಚ್ಚಿದ ಹಾಗೆ, ಜಾರಿದ ಪಾದ ನೇರ ಸಂದಿಗೆ ಹೋಗಿ ಹಿಮ್ಮಡಿ ಗಂಟು ತಿರುಚುತ್ತದೆ. ಬೀಳುವುದು ಹೆಚ್ಚಾಗಿ ಇಳಿಯುವಾಗ: ಮೊಣಕಾಲು ಸೋತಿರುತ್ತದೆ, ಕಣ್ಣು ಕೆಳಗಿನ ಊರಿನ ಮೇಲಿರುತ್ತದೆ.

ಆದ್ದರಿಂದ:
— ರಬ್ಬರ್ ತಳದ, ಹಿಮ್ಮಡಿ ಗಂಟು ಮುಚ್ಚುವ ಶೂ. ಚಪ್ಪಲಿ, ಸ್ಯಾಂಡಲ್ ಬೇಡ. ಬರಿಗಾಲಲ್ಲಿ ಹತ್ತುವವರನ್ನು ಅಲ್ಲಿ ನೋಡುತ್ತೀರಿ, ಹರಕೆ ಇಲ್ಲದವರು ಅದನ್ನು ನೋಡಿ ಉಮೇದು ಬರಿಸಿಕೊಳ್ಳಬಾರದು.
— ಊರುಗೋಲಿನ ತುದಿಗೆ ರಬ್ಬರ್ ಟೋಪಿ ಇರಲಿ. ಉಕ್ಕಿನ ಮೊನೆ ಸುಣ್ಣಕಲ್ಲಿನ ಮೇಲೆ ಜಾರುತ್ತದೆ.
— ತಲೆಗೊಂದು ಲೀಟರ್ ನೀರು. ಮೇಲೆ ನಲ್ಲಿಯೂ ಇಲ್ಲ, ಶೌಚಾಲಯವೂ ಇಲ್ಲ.
— ಬೆಟ್ಟದ ಮೇಲೆ ಮೇಣದಬತ್ತಿ ಹಚ್ಚಬೇಡಿ. ಒಣಪೊದೆಗಳ ನಾಡು, ಒಂದು ಕಿಡಿ ಸಾಕು. ಬತ್ತಿ ಹಚ್ಚಲು ಚರ್ಚಿನ ಬಳಿ ಜಾಗ ಮಾಡಿದ್ದಾರೆ.

ಬೆಳಿಗ್ಗೆ ಆರೂವರೆಗೆ ಹೊರಟರೆ ಬಿಸಿಲೇರುವ ಮೊದಲು ಕೆಳಗಿರುತ್ತೀರಿ, ಹತ್ತು ಗಂಟೆಯ ಇಂಗ್ಲಿಷ್ ಪೂಜೆಯೂ ತಪ್ಪುವುದಿಲ್ಲ. ಸೆಪ್ಟೆಂಬರ್ ಕೊನೆಗೆ ದಕ್ಷಿಣದಿಂದ 'ಯೂಗೊ' ಗಾಳಿ ಬೀಸಿದರೆ ಮಳೆ ಹತ್ತಿರ ಅಂತ ಅರ್ಥ. ಅವತ್ತು ಬೆಟ್ಟ ಬಿಟ್ಟು ಪಾಪನಿವೇದನೆಗೆ ಹೋಗಿ. ಬೆಟ್ಟಕ್ಕೆ ಹೋಗುವ ದಿನವನ್ನು ಮುಂಚೆಯೇ ಗಟ್ಟಿ ಮಾಡಿಕೊಳ್ಳಬೇಡಿ.

ಗಾಲಿಕುರ್ಚಿಯವರಿಗೆ ಎರಡು ಬೆಟ್ಟವೂ ಆಗುವುದಿಲ್ಲ, ಹುರಿದುಂಬಿಸಿ ಕರೆದೊಯ್ಯುವುದು ತಪ್ಪು. ಪೊಡ್‌ಬರ್ಡೊ ಬುಡದಲ್ಲಿ ನೀಲಿ ಶಿಲುಬೆ ಇದೆ, ಹತ್ತಲಾಗದವರು ಸೇರಿ ಪ್ರಾರ್ಥಿಸುವುದು ಅಲ್ಲೇ. ಅಲ್ಲಿಗೂ ಕೊನೆಯ ತುಂಡು ಕಲ್ಲುನೆಲ, ಗಟ್ಟಿ ಕೈಯ ಇಬ್ಬರು ಬೇಕು. ಸಂತ ಯಕೋಬರ ಚರ್ಚು, ಅದರ ಹಿಂದಿನ ಹೊರಾಂಗಣ ಪೀಠ, ಪುನರುತ್ಥಾನ ಕ್ರಿಸ್ತರ ಕಂಚಿನ ಪ್ರತಿಮೆಯ ಅಂಗಳ ಇವೆಲ್ಲ ಸಮತಟ್ಟು. ಆ ಪ್ರತಿಮೆಯ ಮೊಣಕಾಲಿನಲ್ಲಿ ಜಿನುಗುವ ಹನಿಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಅದು ಜನರ ಭಕ್ತಿ, ಪವಾಡ ಎಂದು ಚರ್ಚು ಸಾರಿಲ್ಲ.

ಧರ್ಮಕೇಂದ್ರದವ:

ಕರಪತ್ರವನ್ನು ಅಚ್ಚಿಗೆ ಕೊಡಬೇಡಿ. ಒಂದೇ ವಾಕ್ಯದಲ್ಲಿ ಎರಡು ತಪ್ಪಿದೆ.

ಮೊದಲನೆಯದು ಕಾಲ. ಆರು ಮಕ್ಕಳು ಮಾತೆಯನ್ನು ಕಂಡೆವೆಂದು ಹೇಳಿದ್ದು 1981ರ ಜೂನ್ 24ರಂದು, ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯಾ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದಾಗ. ಬೋಸ್ನಿಯಾದ ಯುದ್ಧ ಶುರುವಾದದ್ದು 1992ರಲ್ಲಿ, ಡೇಟನ್ ಒಪ್ಪಂದದಿಂದ ಮುಗಿದದ್ದು 1995ರಲ್ಲಿ. "ಶಾಂತಿ, ಶಾಂತಿ, ಶಾಂತಿ ಮಾತ್ರ" ಎಂಬ ಸಂದೇಶ ಬಂತೆಂದು ಆ ಮಕ್ಕಳಲ್ಲೊಬ್ಬರು ಹೇಳಿದ್ದು ಮೂರನೇ ದಿನವೇ. ಯುದ್ಧ ಬಂದ ಮೇಲೆ ಜನ ಆ ಮಾತನ್ನು ಹಿಂತಿರುಗಿ ಓದಿದರು. "ಯುದ್ಧದಿಂದ ನೊಂದವರಿಗೆ" ಅಂತ ಬರೆದರೆ ಹಿಂದುಮುಂದಾಗುತ್ತದೆ.

ಎರಡನೆಯದು ಅಂಗೀಕಾರ. 1991ರ ಜಾದರ್ ಘೋಷಣೆಯಲ್ಲಿ ಯುಗೊಸ್ಲಾವಿಯಾದ ಧರ್ಮಾಧ್ಯಕ್ಷರು ಇದು ಅಲೌಕಿಕ ಎಂದು ಹೇಳಲಾಗದು ಎಂದರು. 2019ರ ಮೇಯಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಪ್ರಾಂತಗಳೂ ಧರ್ಮಕೇಂದ್ರಗಳೂ ಅಧಿಕೃತವಾಗಿ ಯಾತ್ರೆ ಏರ್ಪಡಿಸಲು ಅನುಮತಿ ಕೊಟ್ಟರು. 2024ರ ಸೆಪ್ಟೆಂಬರ್ 19ರಂದು ವ್ಯಾಟಿಕನ್ನಿನ ವಿಶ್ವಾಸಬೋಧನಾ ಇಲಾಖೆ 'ನಿಹಿಲ್ ಒಬ್ಸ್ತಾತ್' ಹೊರಡಿಸಿತು, ಅಂದರೆ ಭಕ್ತಿಗೆ ಅಡ್ಡಿಯಿಲ್ಲ. ಅಲ್ಲಿ ಕಾಣುವ ಆಧ್ಯಾತ್ಮಿಕ ಫಲ ಒಳ್ಳೆಯದೆಂದು ಗುರುತಿಸಿದರು. ದರ್ಶನ ಅಲೌಕಿಕ ಎಂದು ಮಾತ್ರ ಸಾರಲಿಲ್ಲ. ಹೀಗೆ ಬರೆಯಿರಿ: "1981ರಿಂದ ಮಾತೆ ಮರಿಯಮ್ಮನವರ ದರ್ಶನದ ಹೆಸರಿನಲ್ಲಿ ಪ್ರಸಿದ್ಧವಾದ, ಯಾತ್ರೆಗೆ ಪವಿತ್ರಸಭೆಯ ಅನುಮತಿ ಇರುವ ಕ್ಷೇತ್ರ." ವ್ಯಾಟಿಕನ್ನಿನ ಅದೇ ಟಿಪ್ಪಣಿ ಇನ್ನೊಂದು ಮಾತು ಹೇಳುತ್ತದೆ: ಯಾತ್ರೆ ಶಾಂತಿಯ ರಾಣಿ ಮರಿಯಮ್ಮನವರನ್ನು ಕಾಣಲಿಕ್ಕೆ, ದರ್ಶನ ಕಂಡೆವೆನ್ನುವವರನ್ನು ಭೇಟಿಯಾಗಲಿಕ್ಕಲ್ಲ. "ದರ್ಶಕರೊಂದಿಗೆ ಭೇಟಿ" ಅಂತ ಕಾರ್ಯಕ್ರಮದಲ್ಲಿ ಸೇರಿಸಿದ್ದರೆ ತೆಗೆದುಬಿಡಿ.

ನಿಮ್ಮ ಫಾದರ್ ಅವರಿಗೆ: ಸಹಬಲಿಪೂಜೆ (ಬೇರೆ ಗುರುಗಳ ಜೊತೆ ಸೇರಿ ಪೂಜೆ) ಅರ್ಪಿಸಲು ಧರ್ಮಾಧ್ಯಕ್ಷರಿಂದ 'ಸೆಲೆಬ್ರೆತ್' ಎಂಬ, ಗುರುವೆಂದು ದೃಢೀಕರಿಸುವ ಪತ್ರ, ಅದೂ ಚಾಲ್ತಿಯಲ್ಲಿರುವುದು ಬೇಕು. ಆಲ್ಬ್, ಸ್ಟೋಲ್ ಎಂಬ ಪೂಜಾವಸ್ತ್ರ ಜೊತೆಗಿರಲಿ. ಸಂಜೆಯ ಪ್ರಾರ್ಥನೆ ಜೂನ್‌ನಿಂದ ಆಗಸ್ಟ್‌ವರೆಗೆ 6ಕ್ಕೆ ಜಪಸರ, 7ಕ್ಕೆ ಪೂಜೆ. ಉಳಿದ ತಿಂಗಳಲ್ಲಿ ಒಂದು ಗಂಟೆ ಮುಂಚೆ, ಹಾಗಾಗಿ ನಿಮಗೆ 5 ಮತ್ತು 6. ಭಾಷೆ ಕ್ರೊಯೇಷಿಯನ್, ತರ್ಜುಮೆ ಎಫ್‌ಎಂನಲ್ಲಿ ಬರುತ್ತದೆ. ಸಣ್ಣ ಎಫ್‌ಎಂ ರೇಡಿಯೊ, ಇಯರ್‌ಫೋನ್ ತಲೆಗೊಂದು ಒಯ್ಯಿರಿ. ಈಗಿನ ಬಹಳಷ್ಟು ಮೊಬೈಲುಗಳಲ್ಲಿ ಎಫ್‌ಎಂ ಇಲ್ಲ, ಇದು ಅಲ್ಲಿಗೆ ಹೋದ ಮೇಲೆಯೇ ಗೊತ್ತಾಗುವುದು! ಪಾಪನಿವೇದನೆಯ ಕೋಣೆಗಳ ಹೊರಗೆ ಗುರುಗಳ ಭಾಷೆಯ ಫಲಕ ಇರುತ್ತದೆ, ಅದನ್ನು ನೋಡಿ ಸಾಲು ಹಿಡಿಯಿರಿ.

ಗಡಿರೇಖೆ:

ನೆಲಬಾಂಬಿನ ಪ್ರಶ್ನೆ ಬಿಟ್ಟುಹೋಗಿತ್ತು. ಯಾತ್ರೆಯ ದಾರಿಗಳಲ್ಲಿ ಭಯವಿಲ್ಲ. ಆದರೆ ದೇಶದಲ್ಲಿ ಯುದ್ಧಕಾಲದ ನೆಲಬಾಂಬುಗಳು ಇನ್ನೂ ಉಳಿದಿವೆ, ಹಳೆಯ ಮುಂಚೂಣಿ ಹಾದುಹೋದ ಕಡೆಗಳಲ್ಲಿ. ಕೆಂಪು ಹಲಗೆ, ತಲೆಬುರುಡೆ, 'ಮಿನೆ' ಎಂಬ ಅಕ್ಷರ ಕಂಡರೆ ಆಚೆ ಹೆಜ್ಜೆ ಇಡಬಾರದು. ಫೋಟೊಗಾಗಲಿ ಮೂತ್ರಕ್ಕಾಗಲಿ ರಸ್ತೆ ಬಿಟ್ಟು ಪೊದೆಗೆ ಇಳಿಯಬೇಡಿ. ಪಾಳು ಕಟ್ಟಡದೊಳಗೂ ಹೋಗಬೇಡಿ, ಮಾಳಿಗೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಆಂಬುಲೆನ್ಸ್ 124, ಪೊಲೀಸ್ 122.

ಜಪಸರ59:

ತುಂಬಾ ಉಪಕಾರವಾಯಿತು. ಕರಪತ್ರ ತಡೆಹಿಡಿದೆವು. ಇನ್ನೊಂದು: ಕ್ರಿಜೆವಾತ್ಸ್ ಇಳಿದ ಮಧ್ಯಾಹ್ನ ಮೊಸ್ತಾರ್ ನೋಡಿಬರಬಹುದಾ? ಕೆಲವರು "ಅದು ಪ್ರವಾಸ, ಯಾತ್ರೆಯಲ್ಲ, ಬೇಡ" ಅನ್ನುತ್ತಿದ್ದಾರೆ.

ಧರ್ಮಕೇಂದ್ರದವ:

ಬೆಟ್ಟ ಇಳಿದ ಮಧ್ಯಾಹ್ನ ಬೇಡ, ಅದಕ್ಕೇ ಒಂದು ದಿನ ಇಡಿ. ಯಾತ್ರೆಯಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೆಡ್ಜುಗೋರಿಯೆಗೆ ಯುದ್ಧದಲ್ಲಿ ಹೆಚ್ಚು ಪೆಟ್ಟು ಬೀಳಲಿಲ್ಲ. ದ್ರಾಕ್ಷಿತೋಟ, ವಸತಿಗೃಹ, ಜಪಸರದ ಅಂಗಡಿಗಳನ್ನಷ್ಟೇ ನೋಡಿ ಬಂದವರಿಗೆ ಇಲ್ಲಿ ಶಾಂತಿಗಾಗಿ ಯಾಕೆ ಇಷ್ಟು ಪ್ರಾರ್ಥಿಸುತ್ತಾರೆ ಅನ್ನುವುದು ತಿಳಿಯುವುದೇ ಇಲ್ಲ. ಗಾಯ ಇರುವುದು ಅಲ್ಲಿಂದ ಸುಮಾರು 25 ಕಿಲೋಮೀಟರ್ ದೂರದ ಮೊಸ್ತಾರ್‌ನಲ್ಲಿ.

1992ರಲ್ಲಿ ಅಲ್ಲಿನ ಫ್ರಾನ್ಸಿಸ್ಕನ್ನರ ಚರ್ಚು ನೆಲಸಮವಾಯಿತು, ಧರ್ಮಾಧ್ಯಕ್ಷರ ನಿವಾಸ ಗ್ರಂಥಾಲಯದ ಸಮೇತ ಸುಟ್ಟುಹೋಯಿತು. ಮರುವರ್ಷ ಕ್ರೊಯಾಟರೂ ಬೋಸ್ನಿಯಾಕ್ ಮುಸ್ಲಿಮರೂ ಪರಸ್ಪರ ಕಾದಾಡಿದರು. 1566ರಲ್ಲಿ ಕಟ್ಟಿದ ಹಳೆಯ ಸೇತುವೆ ಕ್ರೊಯಾಟ್ ಪಡೆಯ ಗುಂಡಿಗೆ 1993ರ ನವೆಂಬರ್ 9ರಂದು ನೆರೆತ್ವಾ ನದಿಗೆ ಬಿತ್ತು. ಈಗ ನಡೆದಾಡುವುದು ಮರುಕಟ್ಟಿ 2004ರ ಜುಲೈಯಲ್ಲಿ ತೆರೆದ ಸೇತುವೆ. ಅದರ ಮೇಲಿನ ಕಲ್ಲೂ ನುಣುಪು, ಹಿರಿಯರ ಕೈಹಿಡಿದು ದಾಟಿಸಿ. ಸೇತುವೆ ಮಾತ್ರ ನೋಡಿ ಹಿಂತಿರುಗಬೇಡಿ, ಬುಲೆವಾರ್ ಬೀದಿಗೂ ಹೋಗಿ. ಯುದ್ಧದ ಮುಂಚೂಣಿ ಅದೇ ಆಗಿತ್ತು, ಗೋಡೆಗಳಲ್ಲಿ ಗುಂಡಿನ ತೂತು ಇನ್ನೂ ಇವೆ.

ಮೊಸ್ತಾರ್ ದಾರಿಯಲ್ಲಿ ಜಿತೊಮಿಸ್ಲಿಚಿ ಎಂಬ ಸರ್ಬಿಯನ್ ಆರ್ಥಡಾಕ್ಸ್ ಮಠ ಸಿಗುತ್ತದೆ. 1992ರಲ್ಲಿ ಅದನ್ನು ಕೆಡವಿದ್ದು ಕ್ರೊಯಾಟ್ ಪಡೆ, ಮತ್ತೆ ಕಟ್ಟಿದ್ದು 2005ರ ಹೊತ್ತಿಗೆ. ಇನ್ನು ಮೆಡ್ಜುಗೋರಿಯೆ ಪಕ್ಕದ ಶುರ್ಮಾಂತ್ಸಿಯಲ್ಲಿ 1941ರ ಆಗಸ್ಟಿನಲ್ಲಿ ಉಸ್ತಾಶಾಗಳು (ಕ್ರೊಯಾಟ್ ಫ್ಯಾಸಿಸ್ಟರು) ಪ್ರೆಬಿಲೋವ್ತ್ಸಿ ಹಳ್ಳಿಯ ಸರ್ಬ್ ಹೆಂಗಸರು ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಆಳವಾದ ಕಮರಿಗೆ ತಳ್ಳಿದರು. 1991ರಲ್ಲಿ ಮೂಳೆಗಳನ್ನು ಮೇಲೆತ್ತಿ ಮಣ್ಣು ಮಾಡಿದರೆ, ಮರುವರ್ಷ ಆ ಸಮಾಧಿಯನ್ನೇ ಸಿಡಿಸಿದರು. ಅದೇ ಶುರ್ಮಾಂತ್ಸಿ ಚರ್ಚಿನಲ್ಲಿ ದೈವಕರುಣೆಯ ಯೇಸುವಿನ ಚಿತ್ರವಿದೆ, ಬಸ್ಸುಗಳು ಅಲ್ಲಿಗೆ ಹೋಗುತ್ತವೆ. ಕಮರಿಯ ವಿಷಯ ಹೇಳುವವರು ಕಡಿಮೆ. ಚಿತ್ರದ ಮುಂದೆ ಪ್ರಾರ್ಥಿಸುವಾಗ ಆ ಸತ್ತವರಿಗೂ ಒಂದು ಹತ್ತುಮಣಿ ಸೇರಿಸಿ.

ಗೈಡ್, ಚಾಲಕ, ವಸತಿಗೃಹದ ಅಮ್ಮ ಇವರನ್ನು "ತಪ್ಪು ಯಾರದ್ದು" ಅಂತ ಕೇಳಬೇಡಿ. ಎಲ್ಲರ ಮನೆಯಲ್ಲೂ ಸತ್ತವರಿರಬಹುದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕಲ್ಲುದಾರಿ:

ಹಾಗಾದರೆ ಐದು ರಾತ್ರಿಗೆ ನಾಲ್ಕು ಪೂರ್ತಿ ದಿನ ಸಿಗುತ್ತವೆ. ಮೊದಲ ದಿನ ಪೊಡ್‌ಬರ್ಡೊ, ಎರಡನೇ ದಿನ ಮೊಸ್ತಾರ್, ಮೂರನೇ ದಿನ ಕ್ರಿಜೆವಾತ್ಸ್, ನಾಲ್ಕನೆಯದು ಮಳೆಗೆ ಮೀಸಲು. ಮೊಸ್ತಾರ್‌ನಿಂದ ಮೂರೂವರೆಗೆ ಬಸ್ಸು ಹೊರಡಿಸಿ, ಇಲ್ಲದಿದ್ದರೆ ಐದರ ಜಪಸರಕ್ಕೆ ಗಾಲಿಕುರ್ಚಿಯವರಿಗೆ ಚರ್ಚಿನೊಳಗೆ ಜಾಗ ಸಿಗುವುದಿಲ್ಲ.