ಹಳೆಯ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರ್: ಮರದ ನಾದ ಚೆನ್ನಾಗಿದೆ, ಪಿಕಪ್ ಸೊರಗಿದೆ. ಇಟ್ಟುಕೊಳ್ಳುವುದೇ, ಬದಲಿಸುವುದೇ?

ಪ್ರಶ್ನೆ: ಆರುತಂತಿ

ಎಲ್ಲರಿಗೂ ನಮಸ್ಕಾರ. ಒಂದು ದಶಕಕ್ಕೂ ಹೆಚ್ಚು ಕಾಲದಿಂದ ನಾನು ಒಂದೇ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರನ್ನು ನುಡಿಸುತ್ತಿದ್ದೇನೆ. ಮೇಲ್ಹಲಗೆ ಇಡಿಯಾದ ಸ್ಪ್ರೂಸ್ ಮರದ್ದು. ಪಕ್ಕ ಮತ್ತು ಹಿಂಬದಿ ಪದರಗಳನ್ನು ಅಂಟಿಸಿ ಮಾಡಿದವು. ಸ್ಯಾಡಲ್‌ನ (ಒಡಲ ಕಡೆಯಲ್ಲಿ ತಂತಿಗಳು ಆತು ನಿಲ್ಲುವ ಪಟ್ಟಿಯ) ಅಡಿಯಲ್ಲಿ ಪೀಜೋ ಪಿಕಪ್ (ಕಂಪನದ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇದೆ, ಪಕ್ಕದ ಹಲಗೆಯಲ್ಲಿ ಒಂಬತ್ತು ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ (ಆ ಸಂಕೇತವನ್ನು ಬಲಪಡಿಸುವ ಸಾಧನ) ಇದೆ. ಕೇಬಲ್ ಇಲ್ಲದೆ ನುಡಿಸಿದಾಗ ಈ ವಾದ್ಯ ಕೊಂಡ ದಿನಗಳಿಗಿಂತ ಈಗ ಹೆಚ್ಚು ತುಂಬಿದ ನಾದ ಕೊಡುತ್ತಿದೆ ಎಂದು ನನ್ನ ಅನಿಸಿಕೆ. ಆದರೆ ಆಂಪ್‌ಗೆ ಜೋಡಿಸಿದರೆ ಕಥೆಯೇ ಬೇರೆ. ಧ್ವನಿ ತೆಳುವಾಗಿದೆ, ಎರಡನೆಯ ತಂತಿ (ತೀರ ತೆಳುವಾದದ್ದರಿಂದ ಎಣಿಸಿದರೆ) ಉಳಿದವುಗಳಿಗಿಂತ ಕುಗ್ಗಿ ಕೇಳಿಸುತ್ತದೆ, ಕೇಬಲ್ ಅಲುಗಿದರೆ ಚರಚರ ಸದ್ದು ಬರುತ್ತದೆ. ಜೊತೆಗೆ, ತಂತಿಗಳು ಬೆರಳೊತ್ತುವ ಫಲಕದಿಂದ ಮೇಲಕ್ಕೆದ್ದಂತಾದಾಗಲೆಲ್ಲ ಸ್ಯಾಡಲನ್ನು ತುಸು ಉಜ್ಜಿಸಿ ಕೆಳಗಿಳಿಸಿಕೊಂಡು ಬಂದಿದ್ದೇನೆ.

ನನ್ನ ಪ್ರಶ್ನೆ ಇಷ್ಟೆ: ಇಂಥ ವಾದ್ಯದಲ್ಲಿ ಪಿಕಪ್ ಮತ್ತು ಪ್ರೀಆಂಪ್‌ಗಳಿಗೆ ಒಂದು ಆಯಸ್ಸು ಎಂಬುದಿದ್ದು ಅದು ಮುಗಿದಿದೆಯೇ? ಹಾಗಿದ್ದರೆ ಹೊಸ ಪಿಕಪ್ ಹಾಕಿಸುವುದು ಒಳಿತೋ, ವಾದ್ಯವನ್ನೇ ಬದಲಿಸುವುದು ಒಳಿತೋ?

ಉತ್ತರ: ಮರಗೆಲಸ

ನಾನು ತಂತಿವಾದ್ಯಗಳ ದುರಸ್ತಿ ಮಾಡುವವನು. ನೀವು ಹೇಳಿದ ಮೂರು ಲಕ್ಷಣಗಳೂ ಒಂದೇ ರೋಗದವಲ್ಲ. ಆದ್ದರಿಂದ ಪಿಕಪ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಅವುಗಳನ್ನು ಬೇರೆಬೇರೆಯಾಗಿ ನೋಡಬೇಕು. ಪೀಜೋ ತಾನಾಗಿ ಸವೆದು ಹೋಗುವುದು ಅಪರೂಪ. ಅದರ ಸುತ್ತಲಿನ ಸಂಪರ್ಕಗಳು ಮತ್ತು ಅದರ ಮೇಲೆ ಬೀಳುವ ಒತ್ತಡ ಕೆಡುವುದೇ ಹೆಚ್ಚು.

ಚರಚರ ಸದ್ದು ಬಹುಮಟ್ಟಿಗೆ ಜ್ಯಾಕ್‌ನದು. ಕೇಬಲ್ಲನ್ನು ವರ್ಷಗಟ್ಟಲೆ ಚುಚ್ಚಿ ತೆಗೆದು ಮಾಡುವಾಗ ಹೊರಗಿನ ನಟ್ ಸಡಿಲವಾಗುತ್ತದೆ, ಜ್ಯಾಕ್ ತನ್ನ ಜಾಗದಲ್ಲೇ ತಿರುಗತೊಡಗುತ್ತದೆ, ಒಳಗಿನ ಸಣ್ಣ ತಂತಿಗಳು ಹುರಿಗೊಂಡು ಬೆಸುಗೆಯ ಬಳಿ ಕಡಿಯುತ್ತವೆ. ಹೊರಗಿನಿಂದ ನಟ್ಟನ್ನು ಸುಮ್ಮನೆ ಬಿಗಿಗೊಳಿಸಿದರೆ ಒಳಗಿನ ಜ್ಯಾಕ್ ಕೂಡ ಜೊತೆಗೇ ತಿರುಗಿ ಇನ್ನಷ್ಟು ಹಾನಿಯಾಗುವುದುಂಟು. ಅದನ್ನು ಹಿಡಿದುಕೊಂಡೇ ಬಿಗಿಗೊಳಿಸಬೇಕು. ಬೇರೊಂದು ಕೇಬಲ್ ಹಾಕಿ ನೋಡುವುದು ಎಲ್ಲಕ್ಕಿಂತ ಮೊದಲ ಕೆಲಸವೆಂದು ಬೇರೆ ಹೇಳಬೇಕಿಲ್ಲ. ಅಂದಹಾಗೆ, ಈ ಜ್ಯಾಕ್‌ಗಳಿಗೆ ಸಾಮಾನ್ಯವಾಗಿ ಸ್ವಿಚ್ಚಿನ ಕೆಲಸವೂ ಇರುತ್ತದೆ: ಕೇಬಲ್ ಚುಚ್ಚಿದೊಡನೆ ಬ್ಯಾಟರಿಯ ಮಂಡಲ ಪೂರ್ಣಗೊಳ್ಳುತ್ತದೆ. ಆದ್ದರಿಂದ ನುಡಿಸದಿದ್ದಾಗಲೂ ಕೇಬಲ್ ಹಾಕಿಯೇ ಇಟ್ಟರೆ ಬ್ಯಾಟರಿ ಸದ್ದಿಲ್ಲದೆ ಬರಿದಾಗುತ್ತದೆ. ಬ್ಯಾಟರಿ ಸೊರಗಿದಾಗ ಮೆಲ್ಲಗೆ ನುಡಿಸಿದರೆ ಏನೂ ತಿಳಿಯುವುದಿಲ್ಲ, ಜೋರಾಗಿ ಮೀಟಿದಾಗ ಮಾತ್ರ ಧ್ವನಿ ಒಡೆಯುತ್ತದೆ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಬ್ಯಾಟರಿಯನ್ನು ತೆಗೆದೇ ಇಡಿ. ಸೋರಿದ ಬ್ಯಾಟರಿ ತಿಂದುಹಾಕಿದ ಪ್ರೀಆಂಪ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಒಂದು ತಂತಿ ಮಾತ್ರ ಕುಗ್ಗಿರುವುದಕ್ಕೆ ಕಾರಣವನ್ನು ಸ್ಯಾಡಲ್‌ನ ತಳದಲ್ಲಿ ಹುಡುಕಿ. ಪೀಜೋ ಅರಿಯುವುದು ತನ್ನ ಮೇಲೆ ಬೀಳುವ ಒತ್ತಡದ ಏರಿಳಿತವನ್ನು. ಸ್ಯಾಡಲ್‌ನ ತಳವೂ ಅದು ಕೂರುವ ತೋಡಿನ ತಳವೂ ಸಮತಟ್ಟಾಗಿಲ್ಲದಿದ್ದರೆ ಎಲ್ಲೋ ಒಂದೆಡೆ ಎಳೆಯಷ್ಟು ಅಂತರ ಉಳಿದು, ಆ ಭಾಗದ ಮೇಲಿರುವ ತಂತಿಯ ಕಂಪನ ಪಿಕಪ್‌ಗೆ ಸರಿಯಾಗಿ ಮುಟ್ಟುವುದಿಲ್ಲ. ಕೈಯಲ್ಲಿ ಹಿಡಿದು ಉಜ್ಜಿದ ಸ್ಯಾಡಲ್‌ನ ತಳ ಬಹುತೇಕ ಯಾವಾಗಲೂ ನಡುವೆ ಉಬ್ಬಿ ಅಂಚುಗಳಲ್ಲಿ ಇಳಿದಿರುತ್ತದೆ. ಗಾಜಿನ ಹಲಗೆಯ ಮೇಲೆ ನುಣುಪು ಮರಳುಕಾಗದವಿಟ್ಟು, ಸ್ಯಾಡಲನ್ನು ಚೌಕಟ್ಟಿನಂಥದೊಂದು ಆಸರೆಗೆ ಒತ್ತಿ ನೇರವಾಗಿ ಉಜ್ಜಿದರೆ ಮಾತ್ರ ತಳ ಸಮವಾಗುತ್ತದೆ.

ಇನ್ನು ಧ್ವನಿ ತೆಳುವಾದದ್ದು. ಸ್ಯಾಡಲ್ ಉಜ್ಜಿಸುತ್ತ ಬಂದಿದ್ದೇನೆಂದು ನೀವು ಸೇರಿಸಿದ ವಾಕ್ಯವೇ ನನ್ನ ದೃಷ್ಟಿಯಲ್ಲಿ ಮುಖ್ಯ. ಸಾಧಾರಣವಾದ 12ರ (ಮೊದಲ ತಂತಿ 0.012 ಇಂಚು ದಪ್ಪವಿರುವ) ತಂತಿಗಳ ಒಂದು ಸೆಟ್ ವಾದ್ಯವನ್ನು 70 ಕಿಲೋಗ್ರಾಂಗೂ ಮಿಕ್ಕ ಬಲದಿಂದ ಸದಾ ಎಳೆಯುತ್ತಿರುತ್ತದೆ. ವರ್ಷಗಳುರುಳಿದಂತೆ ಮೇಲ್ಹಲಗೆ ಬ್ರಿಜ್‌ನ (ಸ್ಯಾಡಲನ್ನು ಹೊತ್ತ ಮರದ ತುಂಡಿನ) ಹಿಂದೆ ಉಬ್ಬುತ್ತದೆ, ನೆಕ್ (ಗಿಟಾರಿನ ಕುತ್ತಿಗೆ) ಒಡಲಿಗೆ ಸೇರುವಲ್ಲಿ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ, ತಂತಿಗಳು ಮೇಲೇಳುತ್ತವೆ. ಅದಕ್ಕೆ ಪರಿಹಾರವೆಂದು ಸ್ಯಾಡಲ್ ತಗ್ಗಿಸಿದಾಗ ತಂತಿ ಸ್ಯಾಡಲ್‌ನ ಮೇಲಿಂದ ಬ್ರಿಜ್‌ನ ರಂಧ್ರಕ್ಕೆ ಇಳಿಯುವ ಕೋನವೂ ತಗ್ಗುತ್ತದೆ, ಕೆಳಮುಖ ಒತ್ತಡ ಕುಗ್ಗುತ್ತದೆ, ಆ ಒತ್ತಡವನ್ನೇ ನಂಬಿಕೊಂಡಿರುವ ಪೀಜೋ ಬಡವಾಗುತ್ತದೆ. ಕೇಬಲ್ ಇಲ್ಲದೆ ನುಡಿಸುವಾಗ ಈ ಬದಲಾವಣೆ ಅಷ್ಟಾಗಿ ತಿಳಿಯದಿರಬಹುದು, ಆಂಪ್ ಮಾತ್ರ ಅದನ್ನು ಬಯಲಿಗೆಳೆಯುತ್ತದೆ. ವಿದ್ಯುತ್ತಿನ ದೋಷವೆಂದು ಜನ ನನ್ನ ಬಳಿ ತರುವ ಹಳೆಯ ಗಿಟಾರ್‌ಗಳಲ್ಲಿ ಅನೇಕವು ನಿಜದಲ್ಲಿ ಮರಗೆಲಸವನ್ನು ಬೇಡುವವು.

ಒಂದು ಪರೀಕ್ಷೆ ಮಾಡಿ ತಿಳಿಸಿ. ಶ್ರುತಿ ಮಾಡಿದ ಸ್ಥಿತಿಯಲ್ಲೇ, ಉದ್ದನೆಯ ನೇರ ಅಳತೆಪಟ್ಟಿಯೊಂದನ್ನು ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹಪಟ್ಟಿಗಳ) ಮೇಲೆ ನಡುವಿನಲ್ಲಿ ಮಲಗಿಸಿ ಬ್ರಿಜ್‌ನ ಕಡೆಗೆ ಸರಿಸಿ. ಅದರ ತುದಿ ಬ್ರಿಜ್‌ನ ಮೇಲ್ಮೈಯನ್ನು ಸವರಿಕೊಂಡು ಹೋದರೆ ನೆಕ್‌ನ ಕೋನ ಸರಿಯಾಗಿದೆ. ಬ್ರಿಜ್‌ನ ಮುಂಗೋಡೆಗೆ ತಗುಲಿ ನಿಂತರೆ ಕೋನ ಕೆಟ್ಟಿದೆ.

ಉತ್ತರ: ಸಂಜೆರಾಗ

ಮೇಲಿನವರು ವಾದ್ಯದ ಒಳಗನ್ನು ಚೆನ್ನಾಗಿ ವಿವರಿಸಿದ್ದಾರೆ. ವೇದಿಕೆಯಲ್ಲಿ ನುಡಿಸುವವನಾಗಿ ನಾನು ಕೇಬಲ್‌ನ ಇನ್ನೊಂದು ತುದಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಪಕ್ಕದ ಹಲಗೆಯನ್ನು ಕೊರೆದು ಕೂರಿಸಿದ ಪ್ರೀಆಂಪ್ ಕೆಟ್ಟರೆ ಅದೇ ಅಳತೆಯದು ಮತ್ತೆ ಸಿಗುವುದು ಕಷ್ಟ. ತಯಾರಕರು ಮಾದರಿಗಳನ್ನು ಬದಲಿಸುತ್ತಲೇ ಇರುತ್ತಾರೆ, ಹೊಸದರ ಚೌಕಟ್ಟು ಹಳೆಯ ರಂಧ್ರಕ್ಕೆ ಹೊಂದುವುದಿಲ್ಲ. ಆದ್ದರಿಂದ ಅನೇಕರು ಒಳಗಿನ ಪ್ರೀಆಂಪನ್ನು ರಂಧ್ರ ಮುಚ್ಚುವ ಮುಚ್ಚಳವಾಗಿ ಅಲ್ಲಿಯೇ ಬಿಟ್ಟು, ಪಿಕಪ್‌ನ ತಂತಿಯನ್ನು ನೇರವಾಗಿ ಜ್ಯಾಕ್‌ಗೆ ಜೋಡಿಸಿ, ಪ್ರೀಆಂಪನ್ನು ಹೊರಗೆ ಕಾಲಬಳಿ ಇಟ್ಟುಕೊಳ್ಳುತ್ತಾರೆ. ನನಗೆ ಮೆಚ್ಚಿಗೆಯಾದ ವ್ಯವಸ್ಥೆ ಇದೇ, ಏಕೆಂದರೆ ಮುಂದೆ ಯಾವುದು ಹಳತಾದರೂ ಗಿಟಾರಿನ ಮೈ ಮುಟ್ಟದೆ ಬದಲಿಸಬಹುದು. ಆದರೆ ಹಾಗೆ ಮಾಡುವಾಗ ಒಂದನ್ನು ನೆನಪಿಡಬೇಕು: ಪ್ರೀಆಂಪ್ ಇಲ್ಲದ ಪೀಜೋವನ್ನು ಮಿಕ್ಸರ್‌ನ ಸಾಮಾನ್ಯ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಕೆಳಸ್ವರಗಳು ಸೋರಿಹೋಗಿ ಧ್ವನಿ ತಗಡಿನಂತಾಗುತ್ತದೆ. ಪೀಜೋಗೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) ಬೇಕು. ಇನ್ನೂ ಹೆಚ್ಚಿದ್ದರೆ ಒಳ್ಳೆಯದೇ.

ಫೀಡ್‌ಬ್ಯಾಕ್ (ಸ್ಪೀಕರ್‌ನ ಸದ್ದು ಮತ್ತೆ ವಾದ್ಯವನ್ನು ಹೊಕ್ಕು ಗುಂಯ್‌ಗುಡುವುದು) ವಿಷಯವನ್ನು ನೀವು ಕೇಳಿಲ್ಲ, ಆದರೆ ಧ್ವನಿ ತೆಳುವಾಯಿತೆಂದು ಬಾಸ್ ಏರಿಸುತ್ತಾ ಹೋದವರು ಕೊನೆಗೆ ತಲುಪುವುದು ಅಲ್ಲಿಗೇ. ಸಾಮಾನ್ಯ ಗಾತ್ರದ ಗಿಟಾರಿನ ಒಡಲೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಬಿಟ್ಟು ನುಡಿಸಿದ ಐದನೆಯ ತಂತಿ 110 ಹರ್ಟ್ಸ್, ಆರನೆಯ ತಂತಿಯ ಮೂರನೆಯ ಫ್ರೆಟ್ 98 ಹರ್ಟ್ಸ್. ಹಾಗಾಗಿ ಈ ಎರಡು ಸ್ವರಗಳ ಬಳಿಯೇ ವಾದ್ಯ ಮೊದಲು ಗುಂಯ್‌ಗುಡುತ್ತದೆ. ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕುವುದು, ನಾಚ್ ಫಿಲ್ಟರ್‌ನಿಂದ ಆ ಒಂದು ಆವರ್ತನವನ್ನಷ್ಟೇ ಕತ್ತರಿಸುವುದು, ಫೇಸ್ ಗುಂಡಿ (ಸಂಕೇತವನ್ನು ತಲೆಕೆಳಗು ಮಾಡುವ ಗುಂಡಿ) ಒತ್ತಿ ನೋಡುವುದು, ಎಲ್ಲಕ್ಕಿಂತ ಮೊದಲು ಸ್ಪೀಕರ್‌ಗೆ ಎದುರಾಗಿ ನಿಲ್ಲದಿರುವುದು: ಇಷ್ಟರಲ್ಲಿ ಹೆಚ್ಚಿನ ಸಂದರ್ಭಗಳು ಮುಗಿಯುತ್ತವೆ.

ವಾದ್ಯವನ್ನೇ ಬದಲಿಸುವ ಯೋಚನೆಗೆ ನನ್ನ ಸಹಮತವಿಲ್ಲ. ಹೊಸ ಗಿಟಾರಿನಲ್ಲೂ ಬಹುತೇಕ ಇದೇ ಬಗೆಯ ಪಿಕಪ್ ಇರುತ್ತದೆ, ಅದೂ ಹಳತಾಗುತ್ತದೆ. ಹೆಲಿಕಾಪ್ಟರ್ ತಯಾರಕರಾಗಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಓವೇಷನ್ ಗಿಟಾರ್‌ಗಳನ್ನು ಆರಂಭಿಸಿದರು. ಸ್ಯಾಡಲ್ ಅಡಿಯ ಪೀಜೋವನ್ನು ವೇದಿಕೆಗೆ ತಂದು ಜನಪ್ರಿಯಗೊಳಿಸಿದ್ದು ಮುಖ್ಯವಾಗಿ ಆ ವಾದ್ಯಗಳೇ. ಅಷ್ಟು ಕಾಲವಾದರೂ ಮೀಟಿದ ಕ್ಷಣದಲ್ಲಿ ಪೀಜೋ ಹೊರಡಿಸುವ ಆ ಚುರುಕು, ಪ್ಲಾಸ್ಟಿಕ್ಕಿನಂಥ ಸದ್ದು ಪೂರ್ತಿ ಹೋಗಿಲ್ಲ. ಅದು ನಿಮಗೆ ಸಹಿಸಲಾಗದಿದ್ದರೆ ಮೇಲ್ಹಲಗೆಯ ಒಳಮೈಗೆ ಅಂಟಿಸುವ ಪಿಕಪ್ಪನ್ನೋ ನಾದರಂಧ್ರದಲ್ಲಿ ಕೂರಿಸುವ ಆಯಸ್ಕಾಂತದ ಪಿಕಪ್ಪನ್ನೋ ಪ್ರಯತ್ನಿಸಬಹುದು. ಮೊದಲನೆಯದರ ಧ್ವನಿ ಹೆಚ್ಚು ಸಹಜ, ಆದರೆ ಫೀಡ್‌ಬ್ಯಾಕ್‌ಗೆ ಬೇಗ ಸಿಕ್ಕಿಬೀಳುತ್ತದೆ. ಎರಡನೆಯದು ಗಟ್ಟಿಗ, ಆದರೆ ಅದು ಉಕ್ಕನ್ನು ಮಾತ್ರ ಅರಿಯುವುದರಿಂದ, ಕಂಚಿನ ಸುತ್ತಿಲ್ಲದ ಮೊದಲೆರಡು ತಂತಿಗಳು ಉಳಿದವನ್ನು ಮೀರಿ ಕೇಳಿಸುವುದುಂಟು.

ಉತ್ತರ: ನಿಧಾನಗತಿ

ಮೂಲ ಪ್ರಶ್ನೆಯಲ್ಲಿ ಎಲ್ಲರೂ ದಾಟಿಹೋದ ಒಂದು ಮಾತಿದೆ: ನಾದ ವರ್ಷ ಕಳೆದಂತೆ ತುಂಬಿಕೊಂಡಿತು ಎಂಬುದು. ಇದನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಮರ ಒಣಗುತ್ತದೆ, ಮೇಲಿನ ಮೆರುಗೆಣ್ಣೆಯ ಪದರ ಗಡಸಾಗುತ್ತದೆ ಎಂಬುದು ಸರಿ. ಆದರೆ ನುಡಿಸುವವರ ಬೆರಳೂ ಕಿವಿಯೂ ಅದೇ ಅವಧಿಯಲ್ಲಿ ಬದಲಾಗಿರುತ್ತವೆ, ತಂತಿಗಳ ಬಗೆ ಬದಲಾಗಿರುತ್ತದೆ, ನುಡಿಸುವ ಕೋಣೆಯೂ ಬೇರೆಯಾಗಿರುತ್ತದೆ. ಕೊಂಡ ದಿನದ ಧ್ವನಿಮುದ್ರಣವಿಲ್ಲದೆ ನೆನಪಿನ ನಾದದೊಂದಿಗೆ ಇಂದಿನ ನಾದವನ್ನು ಹೋಲಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಇದನ್ನು ಹಟಕ್ಕೆ ಹೇಳುತ್ತಿಲ್ಲ. ಮಾರಬೇಕೋ ಬೇಡವೋ ಎಂಬ ನಿರ್ಧಾರ ಈ ಅನಿಸಿಕೆಯ ಮೇಲೆ ನಿಂತಿರುವುದರಿಂದ ಹೇಳಬೇಕಾಯಿತು. ಹೊಸ ತಂತಿ ಹಾಕಿದ ಮಾರನೆಯ ದಿನ, ಒಂದೇ ಕೋಣೆಯಲ್ಲಿ, ಮೈಕನ್ನು ಒಂದೇ ಅಂತರದಲ್ಲಿಟ್ಟು, ಒಂದೇ ತುಣುಕನ್ನು ವರ್ಷಕ್ಕೊಮ್ಮೆ ಮುದ್ರಿಸಿಟ್ಟುಕೊಂಡರೆ ಈ ಚರ್ಚೆಗೆ ಮುಂದೆ ಒಂದು ಆಧಾರವಾದರೂ ಇರುತ್ತದೆ. ಕೇಬಲ್ ಮೂಲಕ ಬರುವ ಧ್ವನಿಯನ್ನೂ ಹೀಗೆಯೇ ಮುದ್ರಿಸಿ. ಪಿಕಪ್ ಸೊರಗುವುದು ನಿಧಾನವಾದ್ದರಿಂದ ಕಿವಿ ಅದಕ್ಕೆ ಒಗ್ಗಿಬಿಡುತ್ತದೆ.

ಇನ್ನೊಂದು: ನಾದದ ಬದಲಾವಣೆಗೆ ವಯಸ್ಸಿಗಿಂತ ತೇವವೇ ಎಷ್ಟೋ ಸಲ ಕಾರಣ. ಇಡಿ ಮರದ ಮೇಲ್ಹಲಗೆಗೆ ಶೇಕಡಾ 45ರಿಂದ 55ರ ಸಾಪೇಕ್ಷ ಆರ್ದ್ರತೆ ಹಿತ. ಗಾಳಿ ಒದ್ದೆಯಾದಾಗ ಹಲಗೆ ಉಬ್ಬಿ ತಂತಿಗಳು ಏಳುತ್ತವೆ, ನಾದ ಮಂಕಾಗುತ್ತದೆ. ಒಣಗಿದಾಗ ಹಲಗೆ ಕುಗ್ಗಿ ತಂತಿಗಳು ಫ್ರೆಟ್‌ಗೆ ತಾಗಿ ಝೇಂಕರಿಸುತ್ತವೆ, ಫ್ರೆಟ್‌ಗಳ ತುದಿ ಅಂಚಿನಲ್ಲಿ ಬೆರಳಿಗೆ ಚುಚ್ಚುತ್ತದೆ, ಹೆಚ್ಚಾದರೆ ಮರ ಸೀಳುತ್ತದೆ. ಒದ್ದೆ ದಿನಗಳಲ್ಲಿ ಎದ್ದ ತಂತಿಗಳನ್ನು ಇಳಿಸಲು ಸ್ಯಾಡಲ್ ಉಜ್ಜಿದರೆ ಒಣ ದಿನಗಳಲ್ಲಿ ಅದೇ ಸ್ಯಾಡಲ್ ತೀರ ಗಿಡ್ಡವಾಗುತ್ತದೆ. ವರ್ಷವಿಡೀ ನುಡಿಸುವವರು ಎತ್ತರ ಬೇರೆಬೇರೆ ಇರುವ ಎರಡು ಸ್ಯಾಡಲ್ ಇಟ್ಟುಕೊಂಡು ಕಾಲಕ್ಕೆ ತಕ್ಕಂತೆ ಬದಲಿಸುವುದು ಉಜ್ಜುವುದಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ ಕೇಳಿದವರು: ಆರುತಂತಿ

ಎಲ್ಲರಿಗೂ ಧನ್ಯವಾದ. ನಾದದ ಬಗ್ಗೆ ನನ್ನ ಬಳಿ ಹಳೆಯ ಮುದ್ರಣವಿಲ್ಲ ಎಂಬುದು ನಿಜ, ಆದ್ದರಿಂದ ಆ ವಾದವನ್ನು ಬಿಟ್ಟುಕೊಡುತ್ತೇನೆ. ಕೇಬಲ್ ಬದಲಿಸಿದರೂ ಚರಚರ ನಿಲ್ಲಲಿಲ್ಲ. ಜ್ಯಾಕ್ ಕೈಗೆ ತಿರುಗುತ್ತಿದೆ. ಅಳತೆಪಟ್ಟಿ ಬ್ರಿಜ್‌ನ ಮೇಲಂಚಿಗಿಂತ ಸುಮಾರು ಒಂದು ಮಿಲಿಮೀಟರ್ ಕೆಳಗೆ ತಗುಲುತ್ತದೆ. ಸ್ಯಾಡಲ್ ಬ್ರಿಜ್‌ನಿಂದ ಹೊರಗೆ ಕಾಣುವುದು ಎರಡು ಮಿಲಿಮೀಟರ್‌ಗಿಂತ ಕಡಿಮೆ. 12ನೆಯ ಫ್ರೆಟ್‌ನಲ್ಲಿ ಆರನೆಯ ತಂತಿಯ ಎತ್ತರ ಮೂರು ಮಿಲಿಮೀಟರ್ ಬಂದಿದೆ. ಹಾಗಾದರೆ ನೆಕ್ ಬಿಚ್ಚಿ ಕೂರಿಸುವುದೊಂದೇ ದಾರಿಯೇ?

ಉತ್ತರ: ಮರಗೆಲಸ

ಅಷ್ಟು ಅವಸರ ಬೇಡ. ಮೊದಲು ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ನೋಡಿ. ಆರನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಒಡಲಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದಾಗ ನಡುವಿನ ಫ್ರೆಟ್‌ಗಳ ಮೇಲೆ 0.2 ಮಿಲಿಮೀಟರ್ ಆಸುಪಾಸಿನ ಸಂದು ಕಾಣಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ನೆಕ್ ಮುಂದಕ್ಕೆ ಬಾಗಿದೆ ಎಂದರ್ಥ. ರಾಡನ್ನು ಕಾಲು ಸುತ್ತು ಬಿಗಿಗೊಳಿಸಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ನೆಕ್ ನೇರವಾದ ಮೇಲೆ ಅಳತೆಪಟ್ಟಿಯ ಪರೀಕ್ಷೆಯ ಫಲವೂ ತುಸು ಸುಧಾರಿಸಬಹುದು. ಆಮೇಲೆಯೂ ತಂತಿ ಮೂರು ಮಿಲಿಮೀಟರ್‌ನಲ್ಲೇ ನಿಂತರೆ ದೋಷ ಕೋನದ್ದೇ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರನೆಯದಕ್ಕೆ 2.4, ಮೊದಲನೆಯದಕ್ಕೆ 1.8 ಮಿಲಿಮೀಟರ್ ಇದ್ದರೆ ಹೆಚ್ಚಿನವರಿಗೆ ಹಿತವಾಗಿರುತ್ತದೆ. ಆರನೆಯದನ್ನು 0.6 ಮಿಲಿಮೀಟರ್ ಇಳಿಸಬೇಕಾದರೆ ಸ್ಯಾಡಲನ್ನು ಅದರ ಎರಡರಷ್ಟು, ಅಂದರೆ 1.2 ಮಿಲಿಮೀಟರ್ ತಗ್ಗಿಸಬೇಕು. ನಿಮ್ಮಲ್ಲಿ ಅಷ್ಟು ಸ್ಯಾಡಲ್ ಉಳಿದಿಲ್ಲ.

ನೆಕ್‌ನ ಕೋನ ತಿದ್ದುವುದು ಬೋಲ್ಟ್ ಹಾಕಿದ ಜೋಡಣೆಯಾದರೆ ಅಷ್ಟೇನೂ ದೊಡ್ಡ ಕೆಲಸವಲ್ಲ. ಅಂಟಿನ ಜೋಡಣೆಯಾದರೆ ಹಬೆ ಹಾಯಿಸಿ ಬಿಚ್ಚಬೇಕಾಗುತ್ತದೆ, ಅದರ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು. ಒಳಗೆ ಕನ್ನಡಿ ಹಾಕಿ ನೆಕ್‌ನ ಬುಡವನ್ನು ನೋಡಿದರೆ ಸಾಮಾನ್ಯವಾಗಿ ಬೋಲ್ಟ್ ಕಾಣಿಸುತ್ತದೆ. ಕೆಲವರು ಅದನ್ನು ಚೀಟಿಯ ಅಡಿ ಮುಚ್ಚಿಟ್ಟಿರುತ್ತಾರೆ, ಕೆಲವರು ಬೋಲ್ಟ್‌ನ ಜೊತೆಗೆ ಅಂಟನ್ನೂ ಹಾಕಿರುತ್ತಾರೆ.

ಅಲ್ಲಿಯವರೆಗೆ ಮಾಡಬಹುದಾದ ಕೆಲಸವೊಂದಿದೆ. ಬ್ರಿಜ್‌ನ ರಂಧ್ರಗಳಿಂದ ಸ್ಯಾಡಲ್‌ನ ಕಡೆಗೆ ಒಂದೊಂದು ತಂತಿಗೂ ಸಣ್ಣ ಇಳಿಜಾರು ಕಾಲುವೆ ಕೊರೆದರೆ ತಂತಿ ಮುಂಚೆಗಿಂತ ಕಡಿದಾಗಿ ಇಳಿಯುತ್ತದೆ, ಸ್ಯಾಡಲ್ ಗಿಡ್ಡವಾಗಿಯೇ ಇದ್ದರೂ ಪೀಜೋ ಮೇಲಿನ ಒತ್ತಡ ಬಹುಮಟ್ಟಿಗೆ ಮರಳುತ್ತದೆ. ಇದರಿಂದ ತಂತಿಗಳ ಎತ್ತರ ಇಳಿಯುವುದಿಲ್ಲ, ಧ್ವನಿ ಮಾತ್ರ ಸುಧಾರಿಸುತ್ತದೆ. ಬ್ರಿಜ್‌ನ ಮರವನ್ನೇ ಕೆತ್ತಿ ತೆಳುಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಬ್ರಿಜ್ಜನ್ನು ದುರ್ಬಲಗೊಳಿಸುತ್ತದೆ, ಮತ್ತೆ ಸರಿಪಡಿಸಲು ಹೊಸ ಬ್ರಿಜ್ಜೇ ಬೇಕಾಗುತ್ತದೆ.

ಜ್ಯಾಕ್ ಬದಲಿಸಿ, ಸ್ಯಾಡಲ್‌ನ ತಳ ಸಮಮಾಡಿ, ಕಾಲುವೆ ಕೊರೆಸಿದ ಮೇಲೆ ಹೊಸ ತಂತಿ ಹಾಕಿ ಆಂಪ್‌ನಲ್ಲಿ ಕೇಳಿ. ಎರಡನೆಯ ತಂತಿ ಆಗಲೂ ಕುಗ್ಗಿಯೇ ಇದ್ದರೆ ಸ್ಯಾಡಲನ್ನು ಹೊರತೆಗೆದು, ಪಿಕಪ್‌ನ ಮೇಲೆ ಅದೇ ಜಾಗದಲ್ಲಿ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಅಲ್ಲೊಂದು ಕಡೆ ಮಾತ್ರ ಸದ್ದು ಕಡಿಮೆ ಬಂದರೆ ಆಗ ಹೊಸ ಪಿಕಪ್ ತರಿಸಿ. ತರಿಸುವ ಮೊದಲು ಸ್ಯಾಡಲ್ ಕೂರುವ ತೋಡಿನ ಅಗಲವನ್ನು ಅಳೆದುಕೊಳ್ಳಿ, ಏಕೆಂದರೆ ಪಿಕಪ್‌ಗಳು ಬೇರೆಬೇರೆ ಅಗಲಗಳಲ್ಲಿ ಬರುತ್ತವೆ.