ಕೂಸು ಪ್ರತಿ ಸಲ ಹಾಲು ಕಕ್ಕುತ್ತೆ, ಆಸಿಡ್ ಡ್ರಾಪ್ಸ್ ಹಾಕಬೇಕಾ?

ಬಾಗಲಕೋಟೆ ನವನಗರದಿಂದ ಕೇಳಿದ್ದು

ಅಕ್ಕಂದಿರೇ, ಮೊದಲ ಬಾಣಂತನ, ತವರಿನಲ್ಲಿದ್ದೇನೆ. ಮಗಳಿಗೆ ಹತ್ತು ವಾರ. ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಕುಡಿದ ಹತ್ತೇ ನಿಮಿಷಕ್ಕೆ ಕಕ್ಕುತ್ತಾಳೆ, ಒಮ್ಮೊಮ್ಮೆ ಮೂಗಿನಿಂದಲೂ ಬರುತ್ತೆ. ಬಿಕ್ಕಳಿಕೆ ಜಾಸ್ತಿ. ಸಂಜೆ ಮಲಗಿಸಿದರೆ ಅಳು ಶುರು. ಹುಟ್ಟಿದಾಗ 2.9 ಕೆಜಿ ಇದ್ದಳು, ಮೊನ್ನೆ ಇಂಜೆಕ್ಷನ್‌ಗೆ ಹೋದಾಗ 4.8. ಪಕ್ಕದ ಮನೆಯವರು ಹೊಟ್ಟೆಯ ಹುಳಿ ಕಡಿಮೆಯಾಗಲಿ ಅಂತ ತಮ್ಮ ಮಗುವಿಗೆ ಹಾಕುತ್ತಿದ್ದ ಆಸಿಡ್ ಡ್ರಾಪ್ಸ್ ತಂದಿಟ್ಟಿದ್ದಾರೆ. ಅವ್ವ ಬಜೆ ತೇದು ನೆಕ್ಕಿಸೋಣ ಅನ್ನುತ್ತಾಳೆ. ನಿಮ್ಮ ಮಕ್ಕಳಿಗೆ ಏನು ಮಾಡಿದಿರಿ? ಡಾಕ್ಟರು ಯಾವ ಪರೀಕ್ಷೆ ಮಾಡಿಸಿದರು?

ಬೆಳಗಾವಿ ಶಹಾಪುರದಿಂದ

ತಂಗಿ, ಮೊದಲು ತೂಕ ನೋಡೋಣ. ಎಪ್ಪತ್ತು ದಿನಕ್ಕೆ 1,900 ಗ್ರಾಂ ಏರಿದೆ. ದಿನಕ್ಕೆ ಸುಮಾರು 27 ಗ್ರಾಂ ಆಯಿತು. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಮಗುವಿಗೆ ಹಾಲು ದಕ್ಕುತ್ತಿದೆ ಅಂತ ಅರ್ಥ. ಇದನ್ನು ಓದಿಯೇ ನನಗೆ ಸಮಾಧಾನ ಆಯಿತು. ಆದರೂ ಡಾಕ್ಟರಿಗೆ ಒಮ್ಮೆ ತೋರಿಸು.

ನನ್ನ ದೊಡ್ಡ ಮಗನದ್ದು ಥೇಟ್ ಇದೇ ಕಥೆ. ದಿನಕ್ಕೆ ಹನ್ನೆರಡು ಹದಿನಾಲ್ಕು ಬಟ್ಟೆ ಒಗೆಯುತ್ತಿದ್ದೆ. ಮೊದಲು ತೋರಿಸಿದ ಡಾಕ್ಟರು ಎರಡು ನಿಮಿಷದಲ್ಲಿ ಆಸಿಡ್ ಡ್ರಾಪ್ಸ್ ಬರೆದುಕೊಟ್ಟರು. ಒಂದು ತಿಂಗಳು ಹಾಕಿದೆ. ಕಕ್ಕುವುದೂ ನಿಲ್ಲಲಿಲ್ಲ, ಅಳುವೂ ನಿಲ್ಲಲಿಲ್ಲ. ಆ ಔಷಧಿ ಹೊಟ್ಟೆಯ ಹುಳಿಯನ್ನು ಕಡಿಮೆ ಮಾಡುತ್ತೆ ಅಷ್ಟೇ, ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಎರಡನೇ ಡಾಕ್ಟರ ಹತ್ತಿರ ಹೋದಾಗ.

ವಯಸ್ಸಾದ ಹೆಣ್ಣುಮಗಳು ಅವರು. ರಕ್ತ ಪರೀಕ್ಷೆ, ಸ್ಕ್ಯಾನು ಏನೂ ಬರೆಯಲಿಲ್ಲ. ತಾಯಿ ಕಾರ್ಡ್ ತೆಗೆಸಿ ಪ್ರತಿ ತೂಕಕ್ಕೂ ಪೆನ್ನಿನಿಂದ ಚುಕ್ಕಿ ಇಟ್ಟು ಗೆರೆ ಎಳೆದರು. ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ "ಇಲ್ಲೇ ಕುಡಿಸವ್ವ, ನೋಡ್ತೀನಿ" ಅಂದರು. ನನಗೆ ಹಾಲು ಜಾಸ್ತಿ, ಜೋರಾಗಿ ಬರುತ್ತಿತ್ತು. ಮಗ ಗಟಗಟ ಅಂತ ಗಾಳಿ ಸಮೇತ ನುಂಗುತ್ತಿದ್ದ. ಅತ್ತಾಗೆಲ್ಲ ಹಸಿವು ಅಂದುಕೊಂಡು ಅರ್ಧ ಗಂಟೆಗೆ ಮತ್ತೆ ಎದೆಗೆ ಹಾಕುತ್ತಿದ್ದೆ. ತುಂಬಿದ ಹೊಟ್ಟೆಗೆ ಮತ್ತೆ ತುಂಬಿಸಿದರೆ ಹಾಲು ಎಲ್ಲಿಗೆ ಹೋಗಬೇಕು?

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಇರುತ್ತೆ, ಹಸುಗೂಸಿಗೆ ಅದಿನ್ನೂ ಸಡಿಲ, ಕುಡಿಯುವುದೆಲ್ಲ ನೀರಿನಂಥದ್ದು, ದಿನವಿಡೀ ಮಲಗಿರುತ್ತೆ, ಅದಕ್ಕೇ ಬರುತ್ತೆ ಅಂತ ವಿವರಿಸಿದರು. ಸಾಮಾನ್ಯವಾಗಿ ಎರಡು ತಿಂಗಳ ಒಳಗೆ ಶುರುವಾಗಿ, ನಾಲ್ಕನೇ ತಿಂಗಳಲ್ಲಿ ಜಾಸ್ತಿಯಾಗಿ, ವರ್ಷ ತುಂಬುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ತಾನೇ ಹೋಗುತ್ತೆ ಅಂದರು. ಹೊರಡುವಾಗ ಒಂದು ಕೆಲಸ ಕೊಟ್ಟರು. ಮನೆಗೆ ಬಂದು ಒಂದು ಚಮಚ ಹಾಲನ್ನು ಕೌದಿಯ ಮೇಲೆ ಚೆಲ್ಲಿದೆ. ಕಲೆ ಹರಡುತ್ತಾ ಹರಡುತ್ತಾ ನನ್ನ ಅಂಗೈಗಿಂತ ದೊಡ್ಡದಾಯಿತು. ಅಷ್ಟು ದಿನ ಕುಡಿದದ್ದೆಲ್ಲ ಹೋಯಿತು ಅಂತ ಅಳುತ್ತಿದ್ದೆ. ಹೋಗುತ್ತಿದ್ದದ್ದು ಒಂದೆರಡು ಚಮಚ!

ನಾವು ಬದಲಾಯಿಸಿದ್ದು ಇಷ್ಟು. ಸ್ವಲ್ಪ ಹಿಂದಕ್ಕೆ ಒರಗಿ ಕುಡಿಸಲು ಶುರು ಮಾಡಿದೆ, ಹಾಲಿನ ರಭಸ ಕಡಿಮೆಯಾಯಿತು. ನಡುನಡುವೆ ಬಿಡಿಸಿ ತೇಗಿಸಿದೆ. ಕುಡಿದ ಮೇಲೆ 20ರಿಂದ 30 ನಿಮಿಷ ಭುಜದ ಮೇಲೆ ನೆಟ್ಟಗೆ ಎತ್ತಿಕೊಂಡಿರುವುದು, ಇದು ಅಜ್ಜನ ಪಾಲಿಗೆ ಬಂತು. ಎಣ್ಣೆ ಹಚ್ಚಿ ಎರೆಯುವುದನ್ನು ಹಾಲು ಕುಡಿಸುವುದಕ್ಕೆ ಮೊದಲು ಮಾಡಿದೆವು. ಮೊದಲು ಕುಡಿಸಿ, ಆಮೇಲೆ ಕಾಲ ಮೇಲೆ ಮಲಗಿಸಿಕೊಂಡು ಹೊಟ್ಟೆ ತಿಕ್ಕುತ್ತಿದ್ದೆವು, ಬರದೆ ಏನಾಗುತ್ತೆ?

ತಲೆ ಎತ್ತರಕ್ಕೆ ಇರಲಿ ಅಂತ ಅತ್ತೆ ಸಾಸಿವೆ ದಿಂಬು ಇಡುತ್ತಿದ್ದರು. ಡಾಕ್ಟರು ತೆಗೆಸಿದರು. ಎಷ್ಟೇ ಕಕ್ಕಿದರೂ ಮಗು ಸಮತಟ್ಟಾದ ಜಾಗದಲ್ಲಿ ಅಂಗಾತವೇ ಮಲಗಬೇಕು. ಬೋರಲು ಬೇಡ, ಮಗ್ಗುಲು ಬೇಡ, ದಿಂಬೂ ಬೇಡ. ಬೋರಲು ಮಲಗಿಸಿದರೆ ಕಕ್ಕುವುದು ಕಡಿಮೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡ, ನಿದ್ದೆಯಲ್ಲೇ ಜೀವಕ್ಕೆ ಅಪಾಯ.

ಪಕ್ಕದ ಮನೆಯ ಡ್ರಾಪ್ಸ್ ದಯವಿಟ್ಟು ಹಾಕಬೇಡ. ಡೋಸ್ ಪ್ರತಿ ಮಗುವಿನ ತೂಕ ನೋಡಿ ಬರೆಯುವಂಥದ್ದು. ಹೊಟ್ಟೆಯ ಹುಳಿ ರೋಗಾಣುಗಳನ್ನು ಕೊಲ್ಲುತ್ತೆ, ಅದನ್ನು ಸುಮ್ನೆ ತಗ್ಗಿಸಿದರೆ ಭೇದಿ, ನ್ಯುಮೋನಿಯಾ ಬರುವ ಸಂಭವ ಜಾಸ್ತಿ. ಬಾಟಲಿ ಮೇಲೆ ರಾನಿಟಿಡಿನ್ ಅಂತ ಇದೆಯಾ ನೋಡು. ಅಮೆರಿಕದಲ್ಲಿ 2020ರಲ್ಲೇ ಅದನ್ನು ಮಾರುಕಟ್ಟೆಯಿಂದ ತೆಗೆಸಿದರು, ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರಲ್ಲಿ ಕೈಬಿಟ್ಟರು. ಬಜೆಯೂ ಬೇಡ, ಗ್ರೈಪ್ ವಾಟರೂ ಬೇಡ, ಆರು ತಿಂಗಳವರೆಗೆ ಎದೆಹಾಲೇ ಸಾಕು. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬಾರದು. ಅವ್ವನಿಗೆ ಬೇಜಾರಾಗದ ಹಾಗೆ ಹೇಳು.

ನನ್ನ ಮಗ ಕೂರಲು ಕಲಿತ ಮೇಲೆ ಅರ್ಧ ಕಡಿಮೆಯಾಯಿತು, ಹನ್ನೊಂದನೇ ತಿಂಗಳಿಗೆ ಪೂರ್ತಿ ನಿಂತಿತು.

ವಿಜಯಪುರದಿಂದ, ಒಬ್ಬ ತಂದೆ

ಅಕ್ಕಾವರು ಹೇಳಿದ್ದೆಲ್ಲ ಸರಿ. ಕುಡಿದ ಹಾಲು ಹೀಗೆ ಮೇಲೆ ಬರುವುದಕ್ಕೆ ರಿಫ್ಲಕ್ಸ್ ಅನ್ನುತ್ತಾರೆ. ಆದರೆ ಎಲ್ಲ ವಾಂತಿಯೂ ರಿಫ್ಲಕ್ಸ್ ಆಗಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೊದಲ ಗಂಡುಮಗು. ನಾಲ್ಕು ವಾರ ಚೆನ್ನಾಗಿತ್ತು. ಐದನೇ ವಾರದಿಂದ ವಾಂತಿ ಚಿಮ್ಮಿ ಹೋಗಿ ಎದುರಿನ ಗೋಡೆಗೆ ಬೀಳುತ್ತಿತ್ತು. ವಾಂತಿಯಾದ ಕೂಡಲೇ ಹಸಿದು ಬಾಯಿ ಬಿಡುತ್ತಿದ್ದ. ಕುಡಿಸಿದರೆ ಮತ್ತೆ ಅದೇ. ಎಲ್ಲರೂ "ಮಕ್ಕಳು ಕಕ್ಕುತ್ತವೆ ಬಿಡು" ಅಂದರು. ಉಚ್ಚೆ ಕಡಿಮೆಯಾಯಿತು. ಮೂರು ಕೆಜಿ ಒಂಬೈನೂರು ಇದ್ದವನು ಮೂರು ಆರುನೂರಕ್ಕೆ ಇಳಿದ. ಆಶಾ ಕಾರ್ಯಕರ್ತೆ 42ನೇ ದಿನದ ಭೇಟಿಗೆ ಬಂದವರು ತೂಕ ಹಾಕಿ ನೋಡಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿಸಿದರು.

ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಜಠರದಿಂದ ಕರುಳಿಗೆ ಹೋಗುವ ದಾರಿಯ ಸ್ನಾಯು ದಪ್ಪಗಾಗಿ ದಾರಿಯನ್ನೇ ಮುಚ್ಚಿತ್ತು. ಪೈಲೋರಿಕ್ ಸ್ಟೆನೋಸಿಸ್ ಅನ್ನುತ್ತಾರೆ. ಗಂಡುಮಕ್ಕಳಲ್ಲಿ, ಅದರಲ್ಲೂ ಚೊಚ್ಚಲ ಮಗುವಿನಲ್ಲಿ ಜಾಸ್ತಿಯಂತೆ. ಡ್ರಿಪ್ ಹಾಕಿ ರಕ್ತದ ಲವಣಗಳನ್ನು ಮೊದಲು ಸರಿಮಾಡಿದರು, ಆಮೇಲೆ ಆಪರೇಷನ್. ಮೂರನೇ ದಿನ ಮನೆಗೆ ಬಂದ. ಈಗ ನಾಲ್ಕು ವರ್ಷ, ಹೊಲದಲ್ಲಿ ನನಗಿಂತ ಮುಂದೆ ಓಡುತ್ತಾನೆ.

ಇನ್ನೊಂದು ಮಾತು ಅಲ್ಲೇ ಕೇಳಿದ್ದು. ಹಸಿರು ಬಣ್ಣದ ವಾಂತಿಯಾದರೆ ಕರುಳು ತಿರುಚಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಸೀದಾ ಹೊರಡಿ, 108ಕ್ಕೆ ಕರೆ ಮಾಡಿ. ವಾಂತಿಯಲ್ಲಿ ರಕ್ತ, ಜ್ವರ, ಉಬ್ಬಿದ ಹೊಟ್ಟೆ, ಉಬ್ಬಿದ ನೆತ್ತಿ, ಮಂಕಾಗಿ ಬೀಳುವುದು ಕಂಡರೂ ಹಾಗೇ. ಆರು ತಿಂಗಳು ದಾಟಿದ ಮೇಲೆ ಹೊಸದಾಗಿ ಶುರುವಾದ ವಾಂತಿಯನ್ನೂ ಡಾಕ್ಟರಿಗೆ ತೋರಿಸಲೇಬೇಕು.

ಬೆಳಗಾವಿ ಟಿಳಕವಾಡಿಯಿಂದ

ನನ್ನ ಮಗಳದ್ದು ಬೇರೆಯೇ ಇತ್ತು. ಕಕ್ಕುವುದರ ಜೊತೆಗೆ ಕೆನ್ನೆ ತುಂಬಾ ಒರಟು ಗುಳ್ಳೆ, ಮಲದಲ್ಲಿ ಲೋಳೆ. ಒಂದು ದಿನ ಬಟ್ಟೆ ಬಿಚ್ಚಿದರೆ ಕೆಂಪು ದಾರದೆಳೆಯಂತೆ ರಕ್ತ ಕಾಣಿಸಿತು. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು ಅಂತ ಡಾಕ್ಟರು ಹೇಳಿದರು. ನಾನು ತಿಂದದ್ದು ನನ್ನ ಹಾಲಿನ ಮೂಲಕ ಅವಳಿಗೆ ಹೋಗುತ್ತಿತ್ತು. ಎದೆಹಾಲು ಬಿಡಿಸಲಿಲ್ಲ, ನನ್ನ ಊಟವನ್ನು ಬದಲಾಯಿಸಿದರು. ಎರಡರಿಂದ ನಾಲ್ಕು ವಾರ ಹಾಲಿನದ್ದು ಏನೂ ಬೇಡ ಅಂದರು.

ಬಾಣಂತಿಗೆ ಇದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಅಳ್ವಿ ಪಾಯಸ ಹಾಲಿನದ್ದು. ಅಂಟಿನುಂಡೆಗೆ ತುಪ್ಪ. ನೋಡಲು ಬಂದವರೆಲ್ಲ ಕುಂದಾ ತರುತ್ತಿದ್ದರು. ಮೊದಲ ವಾರ ಒಂದೇ ಒಂದು ಚಮಚ ಕುಂದಾ ತಿಂದು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಎಮ್ಮೆ ಹಾಲು, ಆಡಿನ ಹಾಲು ಕೂಡ ನಡೆಯುವುದಿಲ್ಲ, ಪ್ರೋಟೀನ್ ಹೆಚ್ಚುಕಡಿಮೆ ಒಂದೇ ಥರ. ನನಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಮೂರನೇ ವಾರಕ್ಕೆ ರಕ್ತ ನಿಂತಿತು, ಕಕ್ಕುವುದೂ ಇಳಿಯಿತು. ಡಾಕ್ಟರು ಹೇಳಿದಂತೆ ಮತ್ತೆ ಹಾಲು ಕುಡಿದು ನೋಡಿದಾಗ ಎಲ್ಲ ವಾಪಸ್ ಬಂತು. ಆಗಲೇ ಅಲರ್ಜಿ ಅಂತ ಖಾತ್ರಿ ಆಗಿದ್ದು. ನವನಗರದ ತಂಗಿ, ಇಂಥ ಗುರುತು ಏನೂ ಇಲ್ಲದೆ ನೀನಾಗಿಯೇ ಹಾಲು ಬಿಡಬೇಡ.

ಜಮಖಂಡಿಯಿಂದ

ಔಷಧಿ ನಿಜವಾಗಿಯೂ ಬೇಕಾಗುವ ಮಕ್ಕಳೂ ಇವೆ. ನನ್ನ ಅಕ್ಕನ ಮಗ ಎದೆ ಕಂಡರೆ ಬೆನ್ನು ಹಿಂದಕ್ಕೆ ಬಾಗಿಸಿ ಚೀರುತ್ತಿದ್ದ. ಎರಡು ತಿಂಗಳಿಂದ ತೂಕ ನಿಂತಲ್ಲೇ ನಿಂತಿತ್ತು. ತಾಯಿಯ ಊಟದಿಂದ ಹಾಲು ಬಿಡಿಸಿ ನೋಡಿದರೂ ಉಪಯೋಗ ಆಗಲಿಲ್ಲ. ಆಮೇಲೆ ಮಕ್ಕಳ ಹೊಟ್ಟೆಯ ತಜ್ಞರು ಹುಳಿ ಕಡಿಮೆ ಮಾಡುವ ಒಮೆಪ್ರಜೋಲ್ ಶುರು ಮಾಡಿದರು. ಆರು ವಾರಕ್ಕೆ ಬಂದು ತೋರಿಸಿ, ಉಪಯೋಗ ಆಗಿಲ್ಲ ಅಂದರೆ ಮುಂದುವರಿಸುವುದಿಲ್ಲ ಅಂತ ಮೊದಲೇ ಹೇಳಿದ್ದರು. ಅವನಿಗೆ ಹಿಡಿಸಿತು, ಆಮೇಲೆ ನಿಲ್ಲಿಸಿದರು.

ನವನಗರದಿಂದ ಮತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ತೋರಿಸಿಕೊಂಡು ಬಂದೆವು. ಪರೀಕ್ಷೆ ಏನೂ ಇಲ್ಲ, ಔಷಧಿಯೂ ಇಲ್ಲ. ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡಿ ಬಟ್ಟೆ ಒದ್ದೆ ಮಾಡುತ್ತಾಳೆ ಅಂತ ಕೇಳಿದರು, ಏಳೆಂಟು ಸಲ ಅಂದೆ, ಒಳ್ಳೇದು ಅಂದರು. ಡ್ರಾಪ್ಸ್ ವಾಪಸ್ ಕೊಟ್ಟೆ. ಮನೆಗೆ ಬಂದು ಒಂದು ಚಮಚ ಹಾಲನ್ನು ಕುಂಚಿಗೆಯ ಮೇಲೆ ಚೆಲ್ಲಿ ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮೊಮ್ಮಗಳನ್ನು ತಾನೇ ಭುಜಕ್ಕೆ ಹಾಕಿಕೊಂಡು ಅಂಗಳದಲ್ಲಿ ಓಡಾಡಿದಳು. ಹದಿನಾಲ್ಕನೇ ವಾರದ ಇಂಜೆಕ್ಷನ್‌ಗೆ ಹೋದಾಗ ತೂಕ ಎಷ್ಟಾಯಿತು ಅಂತ ಬರೆಯುತ್ತೇನೆ.